ಎರಡೂ ವಜ್ರ ‘ಎಕ್ಸಲೆಂಟ್’ ಎಂದಾಗ ಆರಿಸುವುದು ಹೇಗೆ?

ಪ್ರಶ್ನೆ: ಮಗಳ ನಿಶ್ಚಿತಾರ್ಥದ ಉಂಗುರಕ್ಕೆ ಅರ್ಧ ಕ್ಯಾರೆಟ್‌ನ ಎರಡು ದುಂಡು ವಜ್ರಗಳನ್ನು ನೋಡಿದ್ದೇವೆ. ಬಣ್ಣ, ಶುದ್ಧತೆ ಒಂದೇ. ವಜ್ರಗಳನ್ನು ಪರೀಕ್ಷಿಸಿ ದರ್ಜೆ ಕೊಡುವ ಜಿಐಎ ಸಂಸ್ಥೆಯ ಪ್ರಮಾಣಪತ್ರದಲ್ಲಿ ಎರಡರ ಕಟ್ (ಕತ್ತರಿಸಿದ ರೀತಿ) ಕೂಡ ‘ಎಕ್ಸಲೆಂಟ್’. ಒಂದರ ಮೇಲ್ಭಾಗದ ಕೋನ 34.5 ಡಿಗ್ರಿ, ಕೆಳಭಾಗದ್ದು 40.8, ಸಿಮೆಟ್ರಿ ‘ವೆರಿ ಗುಡ್’. ಇನ್ನೊಂದರದು 35.5 ಮತ್ತು 41.4, ಸಿಮೆಟ್ರಿ ‘ಎಕ್ಸಲೆಂಟ್’. ಎರಡನೆಯದನ್ನೇ ಕೊಳ್ಳಿ ಎನ್ನುತ್ತಾರೆ ಅಂಗಡಿಯವರು. ಸರಿಯೇ?
– ಮೈಸೂರಿನ ಓದುಗರು

ಉತ್ತರ: ನಾನಾಗಿದ್ದರೆ ಮೊದಲನೆಯದಕ್ಕೇ ಕೈ ಚಾಚುತ್ತಿದ್ದೆ.

‘ಎಕ್ಸಲೆಂಟ್’ ಶ್ರೇಣಿಯಲ್ಲಿ ಬಹಳಷ್ಟು ಕೋನಗಳಿಗೆ ಜಾಗವಿದೆ. ಎರಡನೆಯ ಹರಳು ಅದರ ಅಂಚಿಗೆ ಹತ್ತಿರದಲ್ಲಿದೆ. ವಜ್ರದೊಳಗೆ ಹೊಕ್ಕ ಬೆಳಕು ಕೆಳಗಿನ ಮುಖಗಳಿಗೆ ಬಡಿದು ಮತ್ತೆ ಮೇಲಕ್ಕೆ ಬಂದರಷ್ಟೇ ನಮಗೆ ಹೊಳಪು ಕಾಣುತ್ತದೆ. ಮುಖದ ಲಂಬರೇಖೆಗೆ ಸುಮಾರು 24.4 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಬಡಿದ ಬೆಳಕಿನ ಬಹುಪಾಲು ತಳದಿಂದಲೇ ಸೋರಿಹೋಗುತ್ತದೆ. ಕೆಳಭಾಗ ಕಡಿದಾಗಿದ್ದರೆ ಮೇಲ್ಭಾಗವನ್ನು ತುಸು ತಗ್ಗಿಸಿ ಸರಿದೂಗಿಸಬಹುದು. ಎರಡೂ ಕಡಿದಾದರೆ ಮೇಲಿನ ಸಪಾಟು ಮುಖದ ಅಂಚಿನಡಿ ಮಂಕಾದ ಬಳೆಯೊಂದು ಕಾಣಿಸಿಕೊಳ್ಳುತ್ತದೆ. 1919ರಲ್ಲಿ ವಜ್ರ ಕತ್ತರಿಸುವ ಮನೆತನದ ಎಂಜಿನಿಯರ್ ಮಾರ್ಸೆಲ್ ಟೋಲ್ಕೋವ್‌ಸ್ಕಿ ಲೆಕ್ಕ ಹಾಕಿ ಹೇಳಿದ ಕೋನಗಳು 34.5 ಮತ್ತು 40.75. ನಿಮ್ಮ ಮೊದಲ ಹರಳು ಹೆಚ್ಚುಕಡಿಮೆ ಅಲ್ಲೇ ಇದೆ. ಹಾಗಾದರೆ ಕಡಿದಾಗಿ ಏಕೆ ಕತ್ತರಿಸುತ್ತಾರೆ? ಕಚ್ಚಾ ಹರಳಿನ ತೂಕ ಉಳಿಯಲಿ ಎಂದು. ಆ ತೂಕ ಹೊಟ್ಟೆಯಲ್ಲಿ ಅಡಗಿರುತ್ತದೆ, ಬೆಲೆ ಮಾತ್ರ ನೀವು ಕೊಡುತ್ತೀರಿ.

ಸಿಮೆಟ್ರಿಯ ವಿಷಯ ಬೇರೆ. ಮುಖಗಳು ಒಂದಕ್ಕೊಂದು ಎಷ್ಟು ಹೊಂದಿವೆ, ಸಪಾಟು ಮುಖ ನಡುಮಧ್ಯದಲ್ಲಿದೆಯೇ ಎಂಬುದನ್ನಷ್ಟೇ ಅದು ಹೇಳುತ್ತದೆ. ಸರಿಯಿಲ್ಲದ ಕೋನವನ್ನೂ ಅಚ್ಚುಕಟ್ಟಾಗಿ ಸಾಣೆ ಹಿಡಿಯಬಹುದು! ‘ವೆರಿ ಗುಡ್’ ಮತ್ತು ‘ಎಕ್ಸಲೆಂಟ್’ ನಡುವಿನ ವ್ಯತ್ಯಾಸ ಬರಿಗಣ್ಣಿಗೆ ತಿಳಿಯುವುದು ಕಷ್ಟ. ಆದರೂ ಒಂದು ಎಚ್ಚರ ಇರಲಿ: ಪ್ರಮಾಣಪತ್ರದ ಕೋನವು ಎಂಟು ಮುಖಗಳ ಸರಾಸರಿ. ಒಂದು 40, ಇನ್ನೊಂದು 41.6 ಇದ್ದರೂ ಕಾಗದದ ಮೇಲೆ 40.8 ಎಂದೇ ಬರಬಹುದು. ಆದ್ದರಿಂದ ಹರಳಿನೊಳಗಿನ ಪ್ರತಿಬಿಂಬಗಳನ್ನು ಬಾಣಗಳ ಆಕಾರದಲ್ಲಿ ತೋರಿಸುವ ಪುಟ್ಟ ವೀಕ್ಷಕವನ್ನು ಅಂಗಡಿಯಲ್ಲಿ ಕೇಳಿ. ಮೇಲಿನಿಂದ ನೋಡಿದಾಗ ಎಂಟು ಬಾಣಗಳೂ ಸರಿಸಮನಾಗಿರಬೇಕು. ಒಂದು ಗಿಡ್ಡ, ಇನ್ನೊಂದು ಸೊಟ್ಟ ಎನಿಸಿದರೆ ನನ್ನ ಸಲಹೆಯನ್ನು ಕೈಬಿಟ್ಟು ಮೂರನೆಯ ಹರಳು ಹುಡುಕಿ.

ಅಂಗಡಿಯ ಪ್ರಖರ ದೀಪಗಳಡಿ ಎಂಥ ವಜ್ರವೂ ಮಿನುಗುತ್ತದೆ. ಎರಡನ್ನೂ ಒರೆಸಿ, ಕಿಟಕಿಯ ಬಳಿ, ನೇರ ಬಿಸಿಲಿಲ್ಲದ ಬೆಳಕಿನಲ್ಲಿ ಅಕ್ಕಪಕ್ಕ ಇಟ್ಟು ನಿಧಾನವಾಗಿ ಓಲಾಡಿಸಿ. ಮಗಳೂ ಜೊತೆಗಿರಲಿ, ಉಂಗುರ ತೊಡುವವಳು ಅವಳು. ಆರಿಸಿದ ಮೇಲೆ, ಹರಳಿನ ಮೇಲ್ಭಾಗ, ಕೆಳಭಾಗ ಸೇರುವ ಅಂಚುಪಟ್ಟಿಯಲ್ಲಿ ಲೇಸರ್‌ನಿಂದ ಕೊರೆದ ಸಂಖ್ಯೆ ಪ್ರಮಾಣಪತ್ರದ ಸಂಖ್ಯೆಗೆ ಹೊಂದುತ್ತದೆಯೇ ಎಂದು ಭೂತಗನ್ನಡಿಯಲ್ಲಿ ನೀವೇ ನೋಡಿ, ಆಮೇಲೆ ಅಕ್ಕಸಾಲಿಗರ ಕೈಗೆ ಕೊಡಿ.