ದಿನಾ ಓಡಿಸುವ ಯೆಜ್ಡಿಗೆ ಸೈಲೆನ್ಸರ್ ಆಮೇಲೆ, ಮೊದಲು ಕ್ರ್ಯಾಂಕ್ ಸೀಲ್

ನಿಮ್ಮ ತಾತನ ಯೆಜ್ಡಿ ರೋಡ್‌ಕಿಂಗ್ ಬೈಕ್ ಹತ್ತು ವರ್ಷಕ್ಕೂ ಮೇಲೆ ಕೊಟ್ಟಿಗೆಯಲ್ಲಿ ನಿಂತಿತ್ತು, ಈಗ ಸ್ಟಾರ್ಟ್ ಆಗುತ್ತಿದೆ, ಮಂಡ್ಯದಿಂದ ಮೈಸೂರಿಗೆ ದಿನಾ ಕೆಲಸಕ್ಕೆ ಓಡಿಸಬೇಕು. ಫ್ರೀ ಫ್ಲೋ (ಒಳಗೆ ತಡೆಯಿಲ್ಲದ) ಸೈಲೆನ್ಸರ್, ದೊಡ್ಡ ಕಾರ್ಬ್ಯುರೇಟರ್, 6 ವೋಲ್ಟ್ ಬದಲು 12 ವೋಲ್ಟ್, ಮುಂದೆ ಡಿಸ್ಕ್ ಬ್ರೇಕ್, ಇವುಗಳಲ್ಲಿ ಯಾವುದನ್ನು ಮೊದಲು ಮಾಡಿಸಲಿ ಅಂತ ಕೇಳಿದ್ದೀರಿ. ನಾನೂ ಹೆಚ್ಚುಕಡಿಮೆ ಇದೇ ಪಟ್ಟಿ ಹಿಡಿದುಕೊಂಡು ಗ್ಯಾರೇಜಿಗೆ ಹೋದವನು. ನಾಲ್ಕರಲ್ಲಿ ಯಾವುದೂ ಮೊದಲಲ್ಲ. ಮೂರಂತೂ ಬೇಡವೇ ಬೇಡ.

ನನ್ನ ಗಾಡಿಯೂ ಎರಡನೇ ಕಿಕ್‌ಗೆ ಸ್ಟಾರ್ಟ್ ಆಗುತ್ತಿತ್ತು. ಅದಕ್ಕೇ ಇಂಜಿನ್ ಬಿಚ್ಚಲಿಲ್ಲ. ಪೇಂಟ್, ಕ್ರೋಮ್, ಸೀಟು, ಹೊಸ ಟೈರು, ಒಳಗಿನ ಬ್ಯಾಫಲ್ (ಹೊಗೆಗೆ ತಡೆ ಕೊಡುವ ಕೊಳವೆ) ತೆಗೆದ ಸೈಲೆನ್ಸರ್, ಹಣವೆಲ್ಲ ಹೊರಗಡೆಗೇ ಹೋಯಿತು. ಮೂರು ವಾರ ಓಡಿತು. ನಾಲ್ಕನೇ ವಾರ ಶ್ರೀರಂಗಪಟ್ಟಣ ದಾಟಿ ಮೈಸೂರಿನ ಕಡೆ ಬರುವಾಗ ಇಂಜಿನ್ ಹಿಡಿದುಕೊಂಡಿತು. ಹಿಂದಿನ ಚಕ್ರ ಲಾಕ್ ಆಗಿ ರಸ್ತೆ ಮೇಲೆ ಕಪ್ಪು ಗೆರೆ ಬಿತ್ತು. ಕ್ಲಚ್ ಮೇಲೆ ಎರಡು ಬೆರಳು ಇದ್ದುದರಿಂದ ಬೀಳಲಿಲ್ಲ.

ಆ ಮೂರು ವಾರ ಇಂಜಿನ್ ಏನು ಹೇಳುತ್ತಿತ್ತು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ, ನಿಮ್ಮ ಗಾಡಿಯೂ ಅದನ್ನೇ ಹೇಳುತ್ತಿರಬಹುದು. ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ನಿಂತರೆ ರೇಸ್ ತಾನಾಗಿಯೇ ಏರುತ್ತಿತ್ತು. ಆಕ್ಸಿಲರೇಟರ್ ಬಿಟ್ಟರೂ ತಕ್ಷಣ ಇಳಿಯುತ್ತಿರಲಿಲ್ಲ. ಬಿಸಿ ಇಂಜಿನ್ ಅಲ್ಲವೇ, ಸ್ಲೋ (ಆಕ್ಸಿಲರೇಟರ್ ಕೊಡದೆ ಇಂಜಿನ್ ತಿರುಗುವ ವೇಗ) ಜಾಸ್ತಿ ಇದೆ ಅಂದುಕೊಂಡು ಸ್ಲೋ ಸ್ಕ್ರೂ ಇಳಿಸಿದೆ. ಎರಡು ದಿನ ಬಿಟ್ಟು ಮತ್ತೆ ಏರಿತು, ಮತ್ತೆ ಇಳಿಸಿದೆ. ಹೀಗೆ ಮೂರು ಸಲ. ನನಗೆ ಹಣ ಖರ್ಚಾದದ್ದು ಈ ಮೂರು ಸಲದ ಸ್ಕ್ರೂ ತಿರುವಿನಿಂದ.

ಯೆಜ್ಡಿಯಂಥ ಟೂ ಸ್ಟ್ರೋಕ್ ಇಂಜಿನ್‌ನಲ್ಲಿ ಕ್ರ್ಯಾಂಕ್‌ಕೇಸ್, ಅಂದರೆ ಕ್ರ್ಯಾಂಕ್ ತಿರುಗುವ ಕೆಳಗಿನ ಪೆಟ್ಟಿಗೆ, ಒಂದು ಪಂಪ್. ಪಿಸ್ಟನ್ ಮೇಲೆ ಹೋದಾಗ ಕೆಳಗೆ ಖಾಲಿಯಾಗಿ ಕಾರ್ಬ್ಯುರೇಟರ್‌ನಿಂದ ಗಾಳಿ, ಪೆಟ್ರೋಲು, ಎಣ್ಣೆ ಮೂರೂ ಒಳಗೆ ಬರುತ್ತವೆ. ಕೆಳಗೆ ಬಂದಾಗ ಅದೇ ಮಿಶ್ರಣ ಒತ್ತಿಕೊಂಡು ಸಿಲಿಂಡರಿಗೆ ಏರುತ್ತದೆ. ಈ ಪಂಪಿನ ಎರಡೂ ಪಕ್ಕ ಕ್ರ್ಯಾಂಕ್ ಹೊರಗೆ ಬರುವ ಜಾಗದಲ್ಲಿ ಒಂದೊಂದು ರಬ್ಬರ್ ಸೀಲ್ ಇದೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಆ ರಬ್ಬರ್ ತುಟಿ ಗಟ್ಟಿಯಾಗಿ ಶಾಫ್ಟಿಗೆ ಅಂಟದೆ ನಿಲ್ಲುತ್ತದೆ. ಅಲ್ಲಿಂದ ನುಗ್ಗುವ ಗಾಳಿ ಕಾರ್ಬ್ಯುರೇಟರ್ ದಾಟಿ ಬಂದದ್ದಲ್ಲ, ಅದರ ಜೊತೆ ಪೆಟ್ರೋಲಿಲ್ಲ. ಪೆಟ್ರೋಲಿಲ್ಲ ಅಂದರೆ ಎಣ್ಣೆಯೂ ಇಲ್ಲ, ಯಾಕೆಂದರೆ ಈ ಇಂಜಿನ್‌ನ ಪಿಸ್ಟನ್‌ಗೆ ಎಣ್ಣೆ ಹೋಗುವುದೇ ಪೆಟ್ರೋಲಿನ ಜೊತೆ. ಮಿಶ್ರಣ ತೆಳುವಾಗಿ ಬಿಸಿ ಹೆಚ್ಚುತ್ತದೆ, ಅದೇ ಹೊತ್ತಿಗೆ ಎಣ್ಣೆ ಕಡಿಮೆಯಾಗುತ್ತದೆ.

ಸ್ಲೋದಲ್ಲಿ ಕಾರ್ಬ್ಯುರೇಟರ್ ಬಾಯಿ ಹೆಚ್ಚುಕಡಿಮೆ ಮುಚ್ಚಿರುವುದರಿಂದ ಸೀಲಿನಿಂದ ಬರುವ ಗಾಳಿಯ ಪಾಲು ಆಗಲೇ ಅತಿ ಹೆಚ್ಚು. ಅದಕ್ಕೇ ರೋಗ ಮೊದಲು ಕಾಣಿಸುವುದು ಸ್ಲೋದಲ್ಲಿ. ನಾನು ಸ್ಕ್ರೂ ಇಳಿಸಿ, ಆ ಬಾಯಿ ತೆರೆದು ಮುಚ್ಚುವ ಸ್ಲೈಡನ್ನು ಇನ್ನೂ ಕೆಳಗೆ ತಂದೆ. ಕಾರ್ಬ್ಯುರೇಟರ್ ದಾರಿಯ ಮಿಶ್ರಣ ಇನ್ನೂ ಕಡಿಮೆಯಾಯಿತು, ಸೀಲಿನ ಗಾಳಿ ಅಷ್ಟೇ ಉಳಿಯಿತು. ರೇಸ್ ಸರಿಹೋದಂತೆ ಕಂಡಿತು. ಜ್ವರ ನೋಡುವ ಥರ್ಮಾಮೀಟರನ್ನೇ ಮೂರು ಸಲ ಒಡೆದು ಹಾಕಿದ ಹಾಗೆ.

ಎಡಬದಿಯ ಸೀಲ್ ಹೋದರೆ ಗೊತ್ತಾಗುತ್ತದೆ. ಆ ಕಡೆ ಪ್ರೈಮರಿ ಚೈನು, ಕ್ಲಚ್ಚು ಎಣ್ಣೆಯಲ್ಲಿ ಕೂತಿವೆ. ಇಂಜಿನ್ ಆ ಎಣ್ಣೆಯನ್ನು ಎಳೆದು ಸುಡುತ್ತದೆ, ಬಿಳಿ ಹೊಗೆ ನಿಲ್ಲುವುದಿಲ್ಲ, ಗೇರ್ ಆಯಿಲ್ ಮಟ್ಟ ಇಳಿಯುತ್ತದೆ. ಬಲಬದಿಯಲ್ಲಿ, ಅಂದರೆ ಕರೆಂಟು ತಯಾರಾಗುವ ಕಡೆ, ಒಣ ಗಾಳಿ ಮಾತ್ರ. ಹೊಗೆಯಿಲ್ಲ, ಸೋರಿಕೆಯಿಲ್ಲ, ರೇಸ್ ಏರುವುದೊಂದೇ ಸುಳಿವು. ನನ್ನದು ಬಲಬದಿ.

ಬಿಚ್ಚಿದಾಗ ಪಿಸ್ಟನ್ನಿನ ಎಕ್ಸಾಸ್ಟ್ ಬದಿ ಮಾತ್ರ ಉಜ್ಜಿ ಅಲ್ಯೂಮಿನಿಯಂ ಸಿಲಿಂಡರಿಗೆ ಮೆತ್ತಿಕೊಂಡಿತ್ತು. ಇದು ತೆಳು ಮಿಶ್ರಣದ ಗುರುತು. ನಾಲ್ಕು ಕಡೆ ಸಮನಾಗಿ ಉಜ್ಜಿದ್ದರೆ ಬೋರಿಂಗ್ ಬಿಗಿಯಾಗಿತ್ತು ಅಥವಾ ಹೊಸ ಇಂಜಿನ್ನನ್ನು ಬೇಗ ಓಡಿಸಿದರು ಅಂತ ಅರ್ಥ. ಗೀರು ಆಳವಾಗಿದ್ದರಿಂದ 0.25 ಮಿ.ಮೀ. ಓವರ್‌ಸೈಜಿನಲ್ಲಿದ್ದ ಬೋರ್ (ಸಿಲಿಂಡರಿನ ಒಳ ವ್ಯಾಸ) ಒಂದೇ ಸಲ 0.75ಕ್ಕೆ ಹೋಯಿತು. ಮೂಲ ಬೋರ್ 65 ಮಿ.ಮೀ., ಹೀಗೆ ಎರಡು ಮೆಟ್ಟಿಲು ಒಟ್ಟಿಗೆ ಹತ್ತಿದರೆ ಒಂದು ಸಿಲಿಂಡರಿನ ಆಯಸ್ಸೇ ಕಡಿಮೆಯಾಯಿತು. ಅಲ್ಯೂಮಿನಿಯಂ ಚೂರು ಕೆಳಗೆ ಇಳಿದು ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನ್‌ರಾಡ್ ಬೇರಿಂಗಿಗೆ ಸೇರಿತ್ತು, ಅದೂ ಹೋಯಿತು. ಕೆಲವು ನೂರು ರೂಪಾಯಿಯ ಎರಡು ಸೀಲ್ ಉಳಿಸಲು ಹೋಗಿ ಇಂಜಿನ್ನಿನ ಕೆಳಭಾಗ ಪೂರ್ತಿ ಮಾಡಿಸಿದೆ.

ಹಾಗಾಗಿ ನಿಮ್ಮ ಮೊದಲ ಕೆಲಸ ಸೋರಿಕೆ ಪರೀಕ್ಷೆ. ಕಾರ್ಬ್ಯುರೇಟರ್ ಮತ್ತು ಎರಡೂ ಸೈಲೆನ್ಸರ್ ಕಳಚಿ. ಪಿಸ್ಟನ್ನನ್ನು ಪೂರ್ತಿ ಕೆಳಗೆ ತನ್ನಿ. ಕಾರ್ಬ್ಯುರೇಟರ್ ಕೂರುವ ಬಾಯಿಗೆ ರಬ್ಬರ್ ಶೀಟು ಮತ್ತು ತಗಡು ಇಟ್ಟು ಬಿಗಿಯಿರಿ. ಯೆಜ್ಡಿಗೆ ಎಕ್ಸಾಸ್ಟ್ ಬಾಯಿ ಎರಡು. ಒಂದಕ್ಕೆ ದಪ್ಪ ರಬ್ಬರ್ ಬಿರಡೆ ಹಾಕಿ ನಡುವೆ ಬೋಲ್ಟು, ವಾಷರ್ ಕೊಟ್ಟು ಬಿಗಿದರೆ ರಬ್ಬರ್ ಹಿಗ್ಗಿ ಮುಚ್ಚುತ್ತದೆ. ಇನ್ನೊಂದರ ಬಿರಡೆಯಲ್ಲಿ ಸಣ್ಣ ಪೈಪು ತೂರಿಸಿ ಅದಕ್ಕೆ ಬಿ.ಪಿ. ನೋಡುವ ಉಪಕರಣದ ಬಲ್ಬು ಮತ್ತು ಮೀಟರ್ ಸೇರಿಸಿ. ಸ್ಪಾರ್ಕ್ ಪ್ಲಗ್ ಜಾಗದಲ್ಲೇ ಇರಲಿ. ಮೀಟರಿನಲ್ಲಿ 300ರವರೆಗೆ ಒತ್ತಿ, ಅದು ಸುಮಾರು 6 ಪಿ.ಎಸ್.ಐ. ಅದಕ್ಕಿಂತ ತುಂಬಾ ಹೆಚ್ಚು ಒತ್ತಡ ಕೊಟ್ಟರೆ ಒಳ್ಳೆಯ ಸೀಲೂ ಮಗುಚಿಕೊಳ್ಳಬಹುದು, ಟೈರ್ ಪಂಪ್ ಮುಟ್ಟಬೇಡಿ. ಆರು ನಿಮಿಷ ನಿಂತರೆ ಇಂಜಿನ್ ಗಟ್ಟಿ. ನಿಮಿಷಕ್ಕೆ 50 ಅಂಕಕ್ಕಿಂತ ಹೆಚ್ಚು ಇಳಿದರೆ ಸೋಪಿನ ನೀರು ಬಳಿದು ಗುಳ್ಳೆ ಹುಡುಕಿ: ಮೊದಲು ನೀವೇ ಹಾಕಿದ ಬಿರಡೆಗಳ ಸುತ್ತ, ಆಮೇಲೆ ಬ್ಲಾಕಿನ ಬುಡದ ಪ್ಯಾಕಿಂಗ್, ಹೆಡ್, ಕೇಸಿನ ಜೋಡಣೆ, ಬಲಬದಿ ಕವರ್ ತೆಗೆದು ಸೀಲ್. ಎಡಬದಿ ಸೀಲ್ ಸೋರಿದರೆ ಗೇರ್ ಆಯಿಲ್ ಹಾಕುವ ರಂಧ್ರದಿಂದ ಗಾಳಿ ಬರುತ್ತದೆ. ಅಲ್ಲಿಗೆ ಸೋಪಿನ ಪೊರೆ ಕಟ್ಟಿ ನೋಡಿ.

ಸೀಲ್ ಕೊಳ್ಳುವಾಗ ಒಂದು ಮಾತು. ಯೆಜ್ಡಿ ತಯಾರಿಸುತ್ತಿದ್ದ, ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ‘ಕಂಪನಿ ಒರಿಜಿನಲ್, ಹಳೇ ಸ್ಟಾಕ್’ ಅಂತ ಕೊಡುವ ರಬ್ಬರಿಗೆ ಪ್ಯಾಕೆಟ್ಟಿನಲ್ಲೇ ಸುಮಾರು ಮೂವತ್ತು ವರ್ಷ ವಯಸ್ಸಾಗಿದೆ. ಹಳೇ ಸ್ಟಾಕಿನ ಗೇರು, ಲಿವರ್, ಕವರ್ ಸಿಕ್ಕರೆ ಕಣ್ಣಿಗೊತ್ತಿಕೊಂಡು ತನ್ನಿ. ರಬ್ಬರ್ ಮಾತ್ರ ಬೇಡ. ಹಳೆಯ ಸೀಲಿನ ಒಳ ವ್ಯಾಸ, ಹೊರ ವ್ಯಾಸ, ದಪ್ಪ ಈ ಮೂರನ್ನು ವರ್ನಿಯರ್‌ನಲ್ಲಿ ಅಳೆದು ಬೇರಿಂಗ್ ಅಂಗಡಿಯಲ್ಲಿ ಹೊಸದಾಗಿ ತಯಾರಾದ ವೈಟಾನ್ ಅನ್ನುವ ರಬ್ಬರಿನ ಸೀಲ್ ಕೇಳಿ. ಎಥನಾಲ್ ಪೆಟ್ರೋಲಿಗೆ ಅದು ತಡೆಯುತ್ತದೆ. ಹಳೆಯ ಸೀಲ್ ತುಟಿ ಶಾಫ್ಟ್ ಮೇಲೆ ಗೆರೆ ಕೊರೆದಿದ್ದರೆ ಹೊಸದನ್ನು ಅದೇ ಗೆರೆ ಮೇಲೆ ಕೂರಿಸಬೇಡಿ, ಒಂದು ಮಿ.ಮೀ. ಸರಿಸಿ ಒತ್ತಿ. ಕೇಸ್ ಬಿಚ್ಚಿದ ಮೇಲೆ ಹಳೇ ಪ್ಯಾಕಿಂಗನ್ನು ಸ್ಕ್ರೂಡ್ರೈವರ್‌ನಿಂದ ಕೆರೆಯಲು ಯಾರಿಗೂ ಬಿಡಬೇಡಿ. ಆ ಗೀರೇ ಮುಂದಿನ ಸೋರಿಕೆ. ಹೇಗೂ ಬಿಚ್ಚಿರುತ್ತೀರಿ, ಮೇನ್ ಬೇರಿಂಗುಗಳನ್ನೂ ಬದಲಿಸಿ. ಬೇರಿಂಗ್ ಸಡಿಲವಿದ್ದರೆ ಕ್ರ್ಯಾಂಕ್ ಅಲುಗಾಡಿ ಹೊಸ ಸೀಲನ್ನೂ ತಿನ್ನುತ್ತದೆ. 2022ರಲ್ಲಿ ಬಂದ ಹೊಸ ಯೆಜ್ಡಿಗಳು ಫೋರ್ ಸ್ಟ್ರೋಕ್, ಅವುಗಳ ಇಂಜಿನ್ ಭಾಗ ಇದಕ್ಕೆ ಬರುವುದಿಲ್ಲ.

ಈಗ ನಿಮ್ಮ ಪಟ್ಟಿ. ಫ್ರೀ ಫ್ಲೋ ಬೇಡ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲ. ನೀವು ಓಡಿಸುವುದು ಸರ್ವೀಸ್ ರಸ್ತೆಯಲ್ಲಿ, ಹಂಪು, ಕಬ್ಬಿನ ಗಾಡಿ, ಊರೊಳಗಿನ ತಿರುವುಗಳ ನಡುವೆ. ಬೇಕಾದದ್ದು 40ರಿಂದ 60ರೊಳಗಿನ ಎಳೆತ. ಟೂ ಸ್ಟ್ರೋಕ್ ಸೈಲೆನ್ಸರ್ ಬರೀ ಸದ್ದು ತಗ್ಗಿಸುವ ಡಬ್ಬಿಯಲ್ಲ. ಅದರೊಳಗಿಂದ ವಾಪಸ್ ಬರುವ ಒತ್ತಡದ ಅಲೆ ಎಕ್ಸಾಸ್ಟ್ ಬಾಯಿಯಿಂದ ಆಚೆ ಹೋಗುವ ಹೊಸ ಮಿಶ್ರಣವನ್ನು ಒಳಕ್ಕೆ ತಳ್ಳುತ್ತದೆ. ಬ್ಯಾಫಲ್ ತೆಗೆದರೆ ಸುಡದ ಪೆಟ್ರೋಲು ಹೊರಗೆ ಹೋಗುತ್ತದೆ, ಕೆಳಗಿನ ಎಳೆತ ಸಾಯುತ್ತದೆ. ಬ್ಯಾಫಲ್ ಹೊರತೆಗೆದು ಕಾಸ್ಟಿಕ್ ಸೋಡಾ ನೀರಿನಲ್ಲಿ ರಾತ್ರಿ ನೆನೆಸಿ ಮಸಿ ತೆಗೆಯಿರಿ, ವಾಪಸ್ ಹಾಕಿ. ಆ ನೀರು ಅಲ್ಯೂಮಿನಿಯಂ ಭಾಗಕ್ಕೆ ತಾಗಬಾರದು, ಕೈಗವಸು, ಕನ್ನಡಕ ಹಾಕಿಕೊಂಡೇ ಮಾಡಿ.

ದೊಡ್ಡ ಕಾರ್ಬ್ಯುರೇಟರ್‌ಗೂ ಅದೇ ಉತ್ತರ: ಬಾಯಿ ದೊಡ್ಡದಾದರೆ ಕಡಿಮೆ ರೇಸ್‌ನಲ್ಲಿ ಗಾಳಿಯ ವೇಗ ಇಳಿದು ಪೆಟ್ರೋಲು ಸರಿಯಾಗಿ ಎಳೆಯುವುದಿಲ್ಲ. ಇರುವ ಕಾರ್ಬ್ಯುರೇಟರ್‌ನ ಸ್ಲೈಡ್ ಸವೆದು ಗಡಗಡ ಅನ್ನುತ್ತಿದ್ದರೆ ಅದೇ ಅಳತೆಯ ಹೊಸದು ಹಾಕಿ. ಜೆಟ್ (ಪೆಟ್ರೋಲು ಹಾಯುವ ಸಣ್ಣ ತೂತಿನ ತಿರುಪು) ಮಾತ್ರ ಬದಲಿಸಲೇಬೇಕು. ಅಪ್ಪಟ ಪೆಟ್ರೋಲಿನ ಒಂದು ಭಾಗ ಸುಡಲು 14.7 ಭಾಗ ಗಾಳಿ ಬೇಕು. ಈಗ ಬಂಕಿನಲ್ಲಿ ಸಿಗುವ 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲಿಗೆ ಸುಮಾರು 13.5 ಸಾಕು. ಅಂದರೆ ಕಾರ್ಖಾನೆಯಲ್ಲಿ ಹಾಕಿದ ಜೆಟ್ ಇವತ್ತಿನ ಪೆಟ್ರೋಲಿಗೆ ಸುಮಾರು 8 ಶೇಕಡಾ ತೆಳು. ಸೀಲ್ ಸರಿಯಿದ್ದರೂ ನಿಮ್ಮ ಇಂಜಿನ್ ಬೇಕಾದದ್ದಕ್ಕಿಂತ ಬಿಸಿ ಓಡುತ್ತದೆ. ಮೇನ್ ಜೆಟ್ ಒಂದು ನಂಬರ್ ಏರಿಸಿ, ಹೊಸ ಪ್ಲಗ್ ಹಾಕಿ, ಖಾಲಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟು, ಕ್ಲಚ್ ಹಿಡಿದು ಅದೇ ಕ್ಷಣ ಕೀ ಆಫ್ ಮಾಡಿ. ಪ್ಲಗ್ ಬಿಚ್ಚಿದರೆ ಕಾಫಿ ಬಣ್ಣ ಇರಬೇಕು. ಬಿಳಿಯಾಗಿದ್ದರೆ ಇನ್ನೊಂದು ನಂಬರ್ ಏರಿಸಿ. ಒದ್ದೆ ಕಪ್ಪಾಗಿದ್ದರೆ ಇಳಿಸಿ. ಅರ್ಧ ಆಕ್ಸಿಲರೇಟರ್‌ನಲ್ಲಿ ಮಿಶ್ರಣ ತೆಳುವಾಗಿದ್ದರೆ ಕಾರ್ಬ್ಯುರೇಟರ್ ಸೂಜಿಯ ಕ್ಲಿಪ್ ಒಂದು ಕಚ್ಚು ಕೆಳಗೆ ಹಾಕಿ, ಸೂಜಿ ಏರಿ ಪೆಟ್ರೋಲು ಹೆಚ್ಚುತ್ತದೆ.

12 ವೋಲ್ಟ್ ಮಾಡಿಸಿ, ಇದೊಂದು ಬೇಕು. 35 ವಾಟ್ ಬಲ್ಬು 6 ವೋಲ್ಟಿನಲ್ಲಿ ಸುಮಾರು 5.8 ಆಂಪಿಯರ್ ಎಳೆಯುತ್ತದೆ, 12ರಲ್ಲಿ ಅದರ ಅರ್ಧ. ಹಳೇ ವೈರು, ಸ್ವಿಚ್ಚಿನಲ್ಲಿ 6ರಲ್ಲಿ ಅರ್ಧ ವೋಲ್ಟ್ ಸೋರಿದರೆ ಅದು 8 ಶೇಕಡಾ, 12ರಲ್ಲಿ ಕರೆಂಟು ಅರ್ಧವಾಗಿ ಸೋರುವುದು ಕಾಲು ವೋಲ್ಟ್, ಸುಮಾರು 2 ಶೇಕಡಾ. ರಾತ್ರಿ ಮಂಡ್ಯಕ್ಕೆ ವಾಪಸ್ ಬರುವವರಿಗೆ ಆ ಬೆಳಕು ಬೇಕು. ಬಲ್ಬು, ಹಾರ್ನ್, ಫ್ಲಾಷರ್, ಬ್ಯಾಟರಿ ಎಲ್ಲವೂ ಬದಲಾಗಬೇಕು. ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿಸಿದ್ದರೆ ಅರ್ತ್ ಬೋಲ್ಟಿನ ಜಾಗದಲ್ಲಿ ಬಣ್ಣ ಕೆರೆದು ಲೋಹ ಕಾಣಿಸಿ. ಎಷ್ಟೋ ಗಾಡಿಯಲ್ಲಿ ‘12 ವೋಲ್ಟ್ ಕಿಟ್ ಸರಿಯಿಲ್ಲ’ ಅನ್ನುವ ದೂರಿಗೆ ಇದೇ ಕಾರಣ.

ಡಿಸ್ಕ್ ಬ್ರೇಕಿಗೆ ಬೇರೆ ಗಾಡಿಯ ಫೋರ್ಕ್ ಬೇಕು, ಅದರಿಂದ ಗಾಡಿಯ ನಿಲುವೇ ಬದಲಾಗುತ್ತದೆ. ಕಂಪನಿ ಕೊಟ್ಟ ವಿವರ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಚಕ್ರದ ಬೆಂಡ್ ತೆಗೆಸಿದ ಮೇಲೆ ಡ್ರಮ್ಮನ್ನು ಲೇತ್‌ನಲ್ಲಿ ಕೊಟ್ಟು ಗುಂಡಗೆ ಮಾಡಿಸಿ, ಶೂಗೆ ಹೊಸ ಲೈನರ್ ಅಂಟಿಸಿ, ಹೊಸ ಕೇಬಲ್ ಹಾಕಿ. ಬ್ರೇಕ್ ಹಿಡಿದಾಗ ಡ್ರಮ್ ಮೇಲಿನ ತೋಳು ಮತ್ತು ಕೇಬಲ್ ನಡುವೆ 90 ಡಿಗ್ರಿ ಇರಬೇಕು. ಅದು ದಾಟಿ ಹೋಗಿದ್ದರೆ ಎಷ್ಟು ಎಳೆದರೂ ಬಲ ಬರದು.

ಟ್ಯಾಂಕಿನ ತುಕ್ಕಿಗೆ ಮಂಡ್ಯದವರು ಬೇರೇನೂ ಹುಡುಕಬೇಕಿಲ್ಲ. ಪಶು ಆಹಾರದ ಅಂಗಡಿಯ ಕಾಕಂಬಿ ಒಂದು ಪಾಲು, ನೀರು ಒಂಬತ್ತು ಪಾಲು ತುಂಬಿ ಎರಡು ವಾರ ಬಿಡಿ. ಪೆಟ್ರೋಲ್ ಕಾಕ್ ಮೊದಲೇ ತೆಗೆದಿಡಿ, ಅದರ ಲೋಹವನ್ನು ಕಾಕಂಬಿ ತಿನ್ನುತ್ತದೆ. ತೊಳೆದು, ಬಿಸಿ ಗಾಳಿಯಲ್ಲಿ ಒಣಗಿಸಿ, ತಕ್ಷಣ ಒಳಗೆ ಟೂ ಟಿ (ಟೂ ಸ್ಟ್ರೋಕ್) ಆಯಿಲ್ ಆಡಿಸಿ. ಒಳಗೆ ಬಳಿಯುವ ಸೀಲರ್ ಬೇಡ, ಸಾಧಾರಣದವು ಎಥನಾಲಿಗೆ ಸಿಪ್ಪೆ ಎದ್ದು ಜೆಟ್ಟಿಗೆ ಬಂದು ಕೂರುತ್ತವೆ.

ಬೋರಿಂಗ್ ಮಾಡಿಸಿದರೆ ಮೊದಲ 500 ಕಿ.ಮೀ. ಲೀಟರಿಗೆ 50 ಮಿ.ಲೀ. ಆಯಿಲ್, ಆಮೇಲೆ 40. ಐದು ಲೀಟರಿಗೆ 200 ಮಿ.ಲೀ. ಅಂತ ನೆನಪಿಡಿ, ಕ್ಯಾನಿನಲ್ಲಿ ಕಲಸಿ ಹಾಕಿ. ನೇರ ಟ್ಯಾಂಕಿಗೆ ಸುರಿದರೆ ಎಣ್ಣೆ ತಳಕ್ಕೆ ಇಳಿಯುತ್ತದೆ. ಚಾಮುಂಡಿ ಬೆಟ್ಟ ಇಳಿಯುವಾಗ ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಮುಚ್ಚಿ ಇಳಿಯಬೇಡಿ. ಇಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲು ಹೋಗದೆ ಎಣ್ಣೆಯೂ ಹೋಗುವುದಿಲ್ಲ. ಆಗಾಗ ಕ್ಲಚ್ ಹಿಡಿದು ಸ್ವಲ್ಪ ರೇಸ್ ಕೊಡುತ್ತಿರಿ.

ಆರ್.ಸಿ. ಬಗ್ಗೆ ಯಾರಾದರೂ ವಿಂಟೇಜ್ ನೋಂದಣಿ ಮಾಡಿಸಿ ಅಂದರೆ ಒಪ್ಪಬೇಡಿ. 2021ರ ನಿಯಮದಲ್ಲಿ ಅದು 50 ವರ್ಷ ದಾಟಿದ ಗಾಡಿಗೆ, ರೋಡ್‌ಕಿಂಗ್ ಬಂದದ್ದೇ 1978ರಲ್ಲಿ. ಮೇಲಾಗಿ ಆ ನೋಂದಣಿಯ ಗಾಡಿಯನ್ನು ದಿನಾ ಓಡಿಸುವಂತಿಲ್ಲ. ಮಾಮೂಲಿ ಐದು ವರ್ಷದ ನವೀಕರಣವೇ ನಿಮಗೆ ಬೇಕಾದದ್ದು.

ಭಾನುವಾರ ಬಿ.ಪಿ. ಉಪಕರಣ ಹಾಕಿ ನೋಡಿ. ಗುಳ್ಳೆ ಎಲ್ಲಿ ಬಂತು, ನಿಮಿಷಕ್ಕೆ ಎಷ್ಟು ಇಳಿಯಿತು ಅಂತ ಇಲ್ಲೇ ಬರೆಯಿರಿ. ಅಲ್ಲಿಯವರೆಗೆ ರೇಸ್ ಏರಿದರೆ ಸ್ಲೋ ಸ್ಕ್ರೂ ಮುಟ್ಟಬೇಡಿ, ಗಾಡಿ ನಿಲ್ಲಿಸಿ.