ನಿಮ್ಮ ಪತ್ರದ ಎರಡನೆಯ ಪುಟ

(ರೋಣ ತಾಲೂಕಿನ ಹಳ್ಳಿಯೊಂದರಿಂದ ಬಂದು ಧಾರವಾಡದಲ್ಲಿ ಎಂ.ಎ. ಓದುತ್ತಿರುವ ವಿದ್ಯಾರ್ಥಿನಿಯೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬಾರದೆಂದು ಕೋರಿದ್ದಾರೆ. ಮೊದಲ ಪುಟದ ಸಾರ ಇದು: "ವಿದ್ಯಾರ್ಥಿವೇತನ ಬಂದಿಲ್ಲವೆಂದು ನಮ್ಮಲ್ಲಿ ಎರಡು ದಿನ ಧರಣಿ ನಡೆಯಿತು. ಪಾಠಗಳು ನಡೆಯಲಿಲ್ಲ. ಎರಡನೆಯ ದಿನ ಒಂದು ಪಕ್ಷದ ಮುಖಂಡರು ಬಂದು ಭಾಷಣ ಮಾಡಿ, ಮನವಿ ಕೊಟ್ಟು, ಫೋಟೋ ತೆಗೆಸಿಕೊಂಡು ಹೋದರು. ಹಣ ಇನ್ನೂ ಬಂದಿಲ್ಲ. ನಾನು ಗ್ರಂಥಾಲಯದ ಮೆಟ್ಟಿಲ ಮೇಲೆ ನಿಂತು ನೋಡಿದೆ. ಇಂಥ ಪ್ರತಿಭಟನೆಯಿಂದ ಏನು ಪ್ರಯೋಜನ? ವಿದ್ಯಾರ್ಥಿಗಳಿಗೆ ರಾಜಕೀಯ ಏಕೆ?" ಎರಡನೆಯ ಪುಟದಲ್ಲಿ, "ಇವು ನನ್ನ ಹುಚ್ಚು ಪ್ರಶ್ನೆಗಳು, ಬಿಟ್ಟರೂ ನಡೆದೀತು" ಎಂಬ ಪೀಠಿಕೆಯೊಂದಿಗೆ ಕೇಳಿದ್ದಾರೆ: ಧರಣಿಗೆ ಧರಣಿ ಎಂದು ಏಕೆ ಹೆಸರು? ಹುಬ್ಬಳ್ಳಿ-ಧಾರವಾಡದ ನಡುವಿನ ಚಿಗರಿ ಬಸ್ಸಿನ ಬಾಗಿಲು ಬಲಕ್ಕೆ ಏಕೆ ತೆರೆಯುತ್ತದೆ? ಮೆರವಣಿಗೆಯಲ್ಲಿ ಹಿಡಿಯುವ ಬಾವುಟ ಬೆಂಗೇರಿಯದ್ದೇ? ಕೊಟ್ಟ ಮನವಿ ಆಮೇಲೆ ಎಲ್ಲಿಗೆ ಹೋಗುತ್ತದೆ?)

ನಿಮ್ಮ ಮೊದಲನೆಯ ಪುಟದ ಪ್ರಶ್ನೆ ಈ ಮೇಜಿಗೆ ಹೊಸದಲ್ಲ. ಪ್ರತಿ ವರ್ಷ ಪರೀಕ್ಷೆಗಳು ಹತ್ತಿರ ಬಂದಾಗ ಇಂಥ ಪತ್ರಗಳು ಬರುತ್ತವೆ, ನಾಲ್ಕು ಸಾಲಿನ ಉತ್ತರ ಬರೆದು ಮುಗಿಸುತ್ತೇನೆ. ನನ್ನನ್ನು ಹಿಡಿದು ಕೂರಿಸಿದ್ದು ಎರಡನೆಯ ಪುಟ. ಅದನ್ನು ನೀವು "ಬಿಟ್ಟರೂ ನಡೆದೀತು" ಎಂದದ್ದಕ್ಕೆ ಸ್ವಲ್ಪ ಸಿಟ್ಟೂ ಬಂದಿದೆ. ಆ ಸಿಟ್ಟಿಗೆ ಕಾರಣ ಹೇಳಲಿಕ್ಕೆಂದೇ ಈ ಸಂಚಿಕೆಯಲ್ಲಿ ಇಷ್ಟು ಜಾಗ ತೆಗೆದುಕೊಳ್ಳುತ್ತಿದ್ದೇನೆ.

ಮೊದಲು ನಿಮ್ಮ ದೂರಿಗೆ ಸಲ್ಲಬೇಕಾದದ್ದು ಸಲ್ಲಲಿ. ಶಿಗ್ಗಾವಿಯಿಂದಲೋ ಕುಂದಗೋಳದಿಂದಲೋ ನಸುಕಿನ ಬಸ್ಸು ಹಿಡಿದು, ಬುತ್ತಿ ಕಟ್ಟಿಕೊಂಡು ಬರುವ ಹುಡುಗನಿಗೆ ಗೇಟಿನ ಮೇಲೆ ಬೀಗ ಕಂಡರೆ ಆ ದಿನವನ್ನು ಯಾರೂ ಅವನಿಗೆ ತಿರುಗಿ ಕೊಡುವುದಿಲ್ಲ. ಜುಬಿಲಿ ವೃತ್ತದಲ್ಲಿ ಮಾನವ ಸರಪಳಿ ಕಟ್ಟಿ ಮುಕ್ಕಾಲು ತಾಸು ಸಂಚಾರ ತಡೆದಾಗ ಆಸ್ಪತ್ರೆಗೆ ಹೊರಟ ಆಟೋ ಕೂಡ ಅದರಲ್ಲಿ ಸಿಕ್ಕಿಬೀಳುತ್ತದೆ. ಒಪ್ಪಿದೆ. ಇದನ್ನು ವಿಸ್ತರಿಸಿ ಹೇಳುವವರು ಊರಲ್ಲಿ ಬೇಕಾದಷ್ಟು ಜನರಿದ್ದಾರೆ, ಆದ್ದರಿಂದ ಆ ಕೆಲಸವನ್ನು ಅವರಿಗೇ ಬಿಡುತ್ತೇನೆ.

ಇನ್ನು ನಿಮ್ಮ ಹುಚ್ಚು ಪ್ರಶ್ನೆಗಳು. ಸಾಲ ಕೊಟ್ಟವನು ಸಾಲಗಾರನ ಮನೆಬಾಗಿಲಲ್ಲಿ, ಬಾಕಿ ತೀರುವ ತನಕ ಏಳುವುದಿಲ್ಲವೆಂದು, ಅನೇಕ ಸಲ ಉಪವಾಸವಿದ್ದು, ಕೂರುವ ಹಳೆಯ ಪದ್ಧತಿಯೊಂದು ಈ ದೇಶದಲ್ಲಿತ್ತು. ಅದಕ್ಕೆ ಹಿಂದಿಯಲ್ಲಿ ಧರನಾ ಎನ್ನುತ್ತಾರೆ. ಕನ್ನಡದ ಬಾಯಿಗೆ ಬಂದಾಗ ಅದು ಧರಣಿಯಾಯಿತು. ಭೂಮಿಗೂ ನಮ್ಮಲ್ಲಿ ಅದೇ ಶಬ್ದವಿರುವುದರಿಂದ, ನೆಲದ ಮೇಲೆ ಕೂತು ಕೇಳುವ ಕ್ರಿಯೆಗೆ ನೆಲದ ಹೆಸರೇ ಅಂಟಿಕೊಂಡಿತು. ಆದರೆ ಮೂಲದ ಅರ್ಥವನ್ನು ಮರೆಯಬೇಡಿ. ಬಾಕಿ ಎಷ್ಟು, ಯಾವ ತಿಥಿಯದು, ಯಾರ ಕೈಬರಹದ್ದು ಎಂಬುದು ಗೊತ್ತಿಲ್ಲದೆ ಯಾವ ಸಾಹುಕಾರನೂ ಯಾರ ಬಾಗಿಲಲ್ಲೂ ಕೂರುತ್ತಿರಲಿಲ್ಲ. ನಿಮ್ಮಲ್ಲಿ ಎರಡು ದಿನ ಕೂತವರಲ್ಲಿ ಎಷ್ಟು ಜನರ ವೇತನ, ಯಾವ ತಿಂಗಳಿಂದ, ಯಾವ ಕಚೇರಿಯ ಯಾವ ಕಡತದಲ್ಲಿ ನಿಂತಿದೆ ಎಂಬುದನ್ನು ಹೇಳಬಲ್ಲವರು ಯಾರಾದರೂ ಇದ್ದರೇ? ನಿಮ್ಮ ಪತ್ರದಲ್ಲಿ ಆ ಲೆಕ್ಕ ಇಲ್ಲ. ಬಹುಶಃ ಆ ಶಾಮಿಯಾನಾದ ಕೆಳಗೂ ಇರಲಿಲ್ಲ.

ಚಿಗರಿಯ ಪ್ರಶ್ನೆ ಸುಲಭದ್ದು. ಅದರ ನಿಲ್ದಾಣಗಳು ರಸ್ತೆಯ ನಟ್ಟನಡುವೆ ಇವೆ, ಎಡಕ್ಕೆ ಬಾಗಿಲು ತೆರೆದರೆ ಜನ ವಾಹನಗಳ ಮೇಲೇ ಇಳಿಯಬೇಕಾಗುತ್ತದೆ. ಬಾವುಟದ ಪ್ರಶ್ನೆ ಸ್ವಲ್ಪ ನೋವಿನದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯಿಂದ ಹೊಲಿಯುವ ಧ್ವಜ ದೇಶಕ್ಕೆಲ್ಲ ಹೋಗುತ್ತದೆ. ಆದರೆ 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆಯನ್ನು ತಿದ್ದಿ ಯಂತ್ರದ ಪಾಲಿಯೆಸ್ಟರ್ ಬಾವುಟಕ್ಕೂ ಅನುಮತಿ ಕೊಟ್ಟ ಮೇಲೆ, ಮೆರವಣಿಗೆಯಲ್ಲಿ ಕೈಗೆ ಸಿಗುವುದು ಬಹುಮಟ್ಟಿಗೆ ಅದೇ. ಬೆಂಗೇರಿಯವರು ಅದರ ವಿರುದ್ಧ ದನಿ ಎತ್ತಿದ್ದು ನಿಮಗೆ ನೆನಪಿರಬಹುದು. ಮುಂದಿನ ಸಲ ಬಾವುಟ ಹಿಡಿದವರನ್ನು ಕಂಡರೆ ಅದರ ಅಂಚನ್ನು ಮುಟ್ಟಿ ನೋಡಿ.

ನಾಲ್ಕನೆಯ ಪ್ರಶ್ನೆ ಸಿಕ್ಕರೆ ನಾನು ತಾಸುಗಟ್ಟಲೆ ಮಾತನಾಡಬಲ್ಲೆ. ಅಧಿಕಾರಿಗಳು ಹೊರಗೆ ಬರುತ್ತಾರೆ, ಎರಡೂ ಕೈಯಿಂದ ಮನವಿ ತೆಗೆದುಕೊಳ್ಳುತ್ತಾರೆ, ಮೇಲಿನವರ ಗಮನಕ್ಕೆ ತರುವುದಾಗಿ ಹೇಳುತ್ತಾರೆ, ಫೋಟೋ ಆಗುತ್ತದೆ, ಕಾಗದ ಹಿಂದೆ ನಿಂತ ಸಿಪಾಯಿಯ ಕೈಗೆ ಹೋಗುತ್ತದೆ. ಅವನು ಅದನ್ನು ಟಪಾಲು ಮೇಜಿಗೆ ಮುಟ್ಟಿಸಿ, ಅಲ್ಲಿ ಅದು ಆವಕ ವಹಿಯಲ್ಲಿ, ಎಂದರೆ ಬಂದ ಕಾಗದಗಳನ್ನು ಬರೆದಿಡುವ ಪುಸ್ತಕದಲ್ಲಿ, ದಾಖಲಾಗಿ, ಒಂದು ಸಂಖ್ಯೆಯನ್ನೂ ತಾರೀಖನ್ನೂ ಪಡೆದರೆ ಮಾತ್ರ ಅದಕ್ಕೆ ಜನ್ಮ. ಆಮೇಲೆ ವಿಷಯ ನಿರ್ವಾಹಕರ ಮೇಜು, ಕಡತ, ಟಿಪ್ಪಣಿ, ಹೀಗೆ ಅದರ ಸಂಸಾರ ನಡೆಯುತ್ತದೆ. ಸಂಖ್ಯೆ ಬೀಳದ ಮನವಿ ಸರ್ಕಾರದ ಕಣ್ಣಿನಲ್ಲಿ ಹುಟ್ಟಿಯೇ ಇಲ್ಲ. ಎರಡು ದಿನ ಗಂಟಲು ಹರಿದುಕೊಂಡ ನೂರು ಜನ ಎದ್ದು ಹೋಗುವಾಗ, ಒಬ್ಬನಾದರೂ ಟಪಾಲು ಮೇಜಿನ ತನಕ ಹೋಗಿ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬರುವುದನ್ನು ನಾನು ಕಂಡದ್ದು ಬಹಳ ಕಡಿಮೆ.

ಈ ಪಾಠ ನನಗೆ ಕಲಿಸಿದ್ದು ರೊಟ್ಟಿ. ನಾನು ಓದುವಾಗ ಇದ್ದ ವಸತಿನಿಲಯದಲ್ಲಿ ಒಂದು ವರ್ಷ ರಾತ್ರಿಯ ಊಟದ ಎರಡು ರೊಟ್ಟಿ ಒಂದಾಯಿತು. ನಾವು ತಾಟು ಬಡಿದೆವು, ಧಿಕ್ಕಾರ ಕೂಗಿದೆವು, ಒಂದು ಹೊತ್ತಿನ ಊಟವನ್ನೂ ಬಿಟ್ಟೆವು. ಮೇಲ್ವಿಚಾರಕರು ತಮ್ಮ ಕೋಣೆಯಿಂದ ಹೊರಗೆ ಬಂದು, ಎಲ್ಲವನ್ನೂ ಕೇಳಿ, ಶಾಂತವಾಗಿ ಒಂದೇ ಪ್ರಶ್ನೆ ಕೇಳಿದರು: "ಚೀಲ ಜ್ವಾಳಕ್ಕ ಎಷ್ಟು ರೊಟ್ಟಿ ಆಗ್ತಾವ, ಗೊತ್ತದ ಏನ್ರಪಾ?" ನಮ್ಮಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿಗಳೇ ಆರು ಜನರಿದ್ದೆವು, ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವನಿಗೆ. ಅಷ್ಟು ದಿನ ಅವರ ಕೈಯ ರೊಟ್ಟಿ ತಿಂದರೂ ನಾವು ಅವರೊಡನೆ ಹತ್ತು ಮಾತು ಆಡಿರಲಿಲ್ಲ. ಅವರು ಬೆರಳು ಮಡಚಿ ಅರ್ಧ ನಿಮಿಷದಲ್ಲಿ ಲೆಕ್ಕ ಹೇಳಿದರು. ಆ ಲೆಕ್ಕವನ್ನು ಹುಡುಗರ ಹಾಜರಿಯ ಜೊತೆಗೆ, ಅಂಗಡಿಯ ಪಾವತಿಯ ಜೊತೆಗೆ ಇಟ್ಟು ನೋಡಿದರೆ, ಉಗ್ರಾಣಕ್ಕೂ ಒಲೆಗೂ ನಡುವೆ ತಿಂಗಳಿಗೆ ಎರಡು ಚೀಲ ಜೋಳ ನಡೆದು ಹೋಗುತ್ತಿತ್ತು. ಒಂದು ಪುಟದ ಮನವಿ ಬರೆದು ಕೊಟ್ಟು, ಸಂಖ್ಯೆ ಹಾಕಿಸಿಕೊಂಡೆವು. ಒಂಬತ್ತನೆಯ ದಿನ ತಾಟಿಗೆ ಎರಡನೆಯ ರೊಟ್ಟಿ ಬಂತು. ಆ ವರ್ಷ ನಾನು ಓದಿದ ಅರ್ಥಶಾಸ್ತ್ರದಲ್ಲಿ ಈಗ ನೆನಪಿರುವುದು ಇದೊಂದೇ.

ನೀವು ಇತಿಹಾಸದ ವಿದ್ಯಾರ್ಥಿನಿ, ಆದ್ದರಿಂದ ದಂಡಿಯ ಮಾತು ತೆಗೆಯುತ್ತೇನೆ. ಅದನ್ನು ಎಲ್ಲರೂ ನಡಿಗೆಯಿಂದ ಆರಂಭಿಸುತ್ತಾರೆ, ನಾನು ಪತ್ರದಿಂದ ಆರಂಭಿಸುತ್ತೇನೆ. 1930ರ ಮಾರ್ಚ್ 2ರಂದು ಗಾಂಧೀಜಿ ವೈಸರಾಯರಿಗೆ ಬರೆದ ಪತ್ರ ಮನವಿಯ ವಿದ್ಯೆಗೆ ಒಂದು ಪಠ್ಯ. ನಿಮ್ಮ ತಿಂಗಳ ಸಂಬಳ 21,000 ರೂಪಾಯಿ, ಎಂದರೆ ದಿನಕ್ಕೆ 700 ರೂಪಾಯಿಗೂ ಹೆಚ್ಚು, ಈ ದೇಶದವನ ಸರಾಸರಿ ಆದಾಯ ದಿನಕ್ಕೆ ಎರಡಾಣೆಯೂ ಅಲ್ಲ ಎಂಬ ಲೆಕ್ಕ ಅದರಲ್ಲಿದೆ. ಅದಾಗಿ ಹತ್ತು ದಿನಕ್ಕೆ, ಮಾರ್ಚ್ 12ರಂದು ನಡಿಗೆ ಹೊರಟಿತು. ನಡೆಯುವವರಿಗಿಂತ ಮುಂಚೆಯೇ ಗುಜರಾತ್ ವಿದ್ಯಾಪೀಠದ ವಿದ್ಯಾರ್ಥಿಗಳ ತುಕಡಿಯೊಂದು ದಾರಿಯ ಹಳ್ಳಿಗಳಿಗೆ ಹೋಗಿತ್ತು. ಅವರು ಅಲ್ಲಿ ಮಾಡಿದ್ದೇನು? ಇಲ್ಲಿ ಎಷ್ಟು ಜನರಿದ್ದೀರಿ, ಎಷ್ಟು ಚರಕ ತಿರುಗುತ್ತವೆ, ಎಷ್ಟು ದನಗಳಿವೆ, ಕಂದಾಯ ಎಷ್ಟು, ಉಪ್ಪು ಎಷ್ಟು ಖರ್ಚಾಗುತ್ತದೆ ಎಂದು ಕೇಳಿ ಬರೆದುಕೊಂಡರು. ನಿಮ್ಮ ಎರಡನೆಯ ಪುಟದಲ್ಲಿರುವುದು ಇದೇ ಜಾತಿಯ ಪ್ರಶ್ನೆಗಳು, ತಂಗಿ. ಅವುಗಳನ್ನು ಹುಚ್ಚು ಎಂದರೆ ನನಗೆ ಸಿಟ್ಟು ಬರಬಾರದೇ?

ಆ ನಡಿಗೆಯಲ್ಲಿ ನಮ್ಮ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರೂ ಇದ್ದರು. 1911ರಲ್ಲಿ ಹುಟ್ಟಿದವರು, ಎಂದರೆ ಆಗ ಹದಿನೆಂಟರ ವಯಸ್ಸು, ನಿಮಗಿಂತ ಚಿಕ್ಕವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಹುಬ್ಬಳ್ಳಿಯಲ್ಲಿ 1942ರಲ್ಲಿ ಗುಂಡೇಟು ತಿಂದು ಸತ್ತ ನಾರಾಯಣ ಡೋಣಿ ಇನ್ನೂ ಬಾಲಕ. ಧಾರವಾಡದ ಜಕಣಿ ಬಾವಿಯ ಹತ್ತಿರ 1921ರ ಜುಲೈ 1ರಂದು ಹೆಂಡದಂಗಡಿಯ ಮುಂದಿನ ಪಿಕೆಟಿಂಗಿನ ಮೇಲೆ ಗೋಲಿಬಾರ್ ಆಗಿ ಮೂವರು ತೀರಿಕೊಂಡರು. ನೀವು ಮೆಟ್ಟಿಲ ಮೇಲಿಂದ ಕೇಳಿದ "ಇಂಕ್ವಿಲಾಬ್ ಜಿಂದಾಬಾದ್" ಘೋಷಣೆಯನ್ನು ಹಸ್ರತ್ ಮೊಹಾನಿಯವರು ಕಟ್ಟಿದ್ದೂ ಅದೇ ವರ್ಷ. ವಿದ್ಯಾರ್ಥಿಗಳಿಗೆ ರಾಜಕೀಯ ಏಕೆ ಎಂದು ಈ ಊರಿನಲ್ಲಿ ನಿಂತು ಕೇಳುವಾಗ ಸ್ವಲ್ಪ ದನಿ ತಗ್ಗಿಸಬೇಕು.

ಲೆಕ್ಕ ಸರಿಯಾಗಿದ್ದರೆ ಸರ್ಕಾರ ಕೈಮುಗಿದು ಕೊಡುತ್ತದೆಂದು ನಾನು ಹೇಳುತ್ತಿಲ್ಲ. ನಿಮ್ಮ ಊರಿನಿಂದ ನರಗುಂದ ದೂರವಲ್ಲ. ಮಲಪ್ರಭೆಯ ನೀರು ಸರಿಯಾಗಿ ತಲುಪದ ಹೊಲಗಳಿಗೂ ಅಭಿವೃದ್ಧಿ ಕರ ಬಿದ್ದಾಗ, ಯಾರ ಎಷ್ಟು ಎಕರೆಗೆ ಎಷ್ಟು ನೀರು ಬಂದಿದೆ ಎಂಬುದು ರೈತರಿಗೆ ಯಾವ ಎಂಜಿನಿಯರಿಗಿಂತಲೂ ಚೆನ್ನಾಗಿ ಗೊತ್ತಿತ್ತು. ಕೇಳಿಸಿಕೊಳ್ಳುವವರಿರಲಿಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗುಂಡು ಹಾರಿತು. ಆದರೆ ಅದರ ಬೆನ್ನಿಗೇ ರಾಜ್ಯ ರೈತ ಸಂಘ ಹುಟ್ಟಿತು, 1983ರ ಚುನಾವಣೆಯಲ್ಲಿ ಸರ್ಕಾರವೇ ಹೋಯಿತು. ನಿಮ್ಮ ಮನೆಯ ಹಿರಿಯರನ್ನು ಕೇಳಿ, ಆ ದಿನ ಯಾರು ಚಕ್ಕಡಿ ಕಟ್ಟಿಕೊಂಡು ಹೋಗಿದ್ದರು ಎಂದು. ಇದೂ ಎರಡನೆಯ ಪುಟಕ್ಕೆ ಸೇರಬೇಕಾದ ಪ್ರಶ್ನೆಯೇ.

ಈಗ ನನ್ನ ನಿಜವಾದ ಜಗಳಕ್ಕೆ ಬರುತ್ತೇನೆ, ಅದು ನಿಮ್ಮೊಡನೆ ಅಲ್ಲ. 1989ರ ಮಾರ್ಚಿನಲ್ಲಿ 61ನೆಯ ತಿದ್ದುಪಡಿ ಜಾರಿಗೆ ಬಂದು ಹದಿನೆಂಟರ ಹುಡುಗ ಹುಡುಗಿಯರಿಗೆ ಮತದಾನದ ಹಕ್ಕು ಸಿಕ್ಕಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ನಮ್ಮ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘಗಳ ಚುನಾವಣೆ ನಿಂತುಹೋಯಿತು. ದೇಶದ ಪ್ರಧಾನಿಯನ್ನು ಆರಿಸುವಷ್ಟು ಬುದ್ಧಿ ಇದೆ, ತನ್ನ ತರಗತಿಯ ಪ್ರತಿನಿಧಿಯನ್ನು ಆರಿಸುವಷ್ಟು ಇಲ್ಲ ಎಂಬ ಈ ತೀರ್ಮಾನದ ಒಳಗುಟ್ಟು ನನಗೆ ಇಂದಿಗೂ ಹತ್ತಿಲ್ಲ. ಹೊಡೆದಾಟ ಆಗುತ್ತಿತ್ತು, ನಿಜ. ಆದರೆ ಹೊಡೆದಾಟ ಗ್ರಾಮ ಪಂಚಾಯಿತಿಯ ಚುನಾವಣೆಯಲ್ಲೂ ಆಗುತ್ತದೆ, ಅದನ್ನು ಯಾರೂ ನಿಲ್ಲಿಸಿಲ್ಲ. ವಿದ್ಯಾರ್ಥಿ ಸಂಘಗಳ ಚುನಾವಣೆ ಹೇಗೆ ನಡೆಯಬೇಕೆಂದು ಹೇಳಿದ ಲಿಂಗ್ಡೋ ಸಮಿತಿಯ ಶಿಫಾರಸುಗಳನ್ನು ಸುಪ್ರೀಂ ಕೋರ್ಟು 2006ರಲ್ಲಿಯೇ ಒಪ್ಪಿ, ಅಭ್ಯರ್ಥಿಯ ಖರ್ಚಿಗೆ 5,000 ರೂಪಾಯಿಯ ಮಿತಿ ಹಾಕಿ, ಅಚ್ಚಿನ ಪೋಸ್ಟರು ಬೇಡ, ಕೈಬರಹದ್ದೇ ಇರಲಿ ಎಂದಿತು. ಇಷ್ಟು ಅಗ್ಗದ, ಇಷ್ಟು ಮುದ್ದಾದ ಚುನಾವಣೆಯೂ ನಮಗೆ ಬೇಡವಾಯಿತು. ಸಂಘವಿದ್ದಾಗ ಕಾರ್ಯದರ್ಶಿಯಾದ ಹುಡುಗ ಠರಾವು ಬರೆಯುವುದನ್ನು, ಜಮಾಖರ್ಚು ಒಪ್ಪಿಸುವುದನ್ನು, ಎದುರಾಳಿಯ ಮಾತನ್ನು ಕೂತು ಕೇಳುವುದನ್ನು ಕಲಿಯುತ್ತಿದ್ದ. ಆ ಶಾಲೆಯನ್ನು ಮುಚ್ಚಿದವರು ನಾವು, ಹಿರಿಯರು. ಖಾಲಿಯಾದ ಆ ಜಾಗಕ್ಕೇ ನಿಮ್ಮ ಶಾಮಿಯಾನಾಕ್ಕೆ ಬಂದ ಮುಖಂಡರು ಬಂದು ಕೂತದ್ದು. ವಿದ್ಯಾರ್ಥಿಗಳಿಗೆ ರಾಜಕೀಯ ಬೇಡವೆಂದೆವು, ರಾಜಕೀಯಕ್ಕೆ ವಿದ್ಯಾರ್ಥಿಗಳು ಬೇಡವೆಂದು ಹೇಳಲು ಮರೆತೆವು.

ಅದರ ಬದಲಿಗೆ ಕೊಟ್ಟದ್ದೇನು? ಧಾರವಾಡದ ಸಪ್ತಾಪುರದ ಓಣಿಗಳಲ್ಲಿ ಒಮ್ಮೆ ನಡೆದು ನೋಡಿ. ಗೋಡೆಗೊಂದು ಕೋಚಿಂಗ್ ಕ್ಲಾಸಿನ ಫಲಕ, ಮಹಡಿಗೊಂದು ಓದುವ ಕೋಣೆ, ಪಾರ್ಟಿಷನ್ ಹಾಕಿದ ಮೇಜುಗಳಲ್ಲಿ ರಾತ್ರಿ ಹನ್ನೆರಡರ ತನಕ ಬಗ್ಗಿ ಕೂತ ಮಕ್ಕಳು. ಅವರ ಶ್ರಮದ ಬಗ್ಗೆ ನನಗೆ ಗೌರವವಿದೆ, ನನ್ನ ಅಣ್ಣನ ಮಗನೂ ಅವರಲ್ಲಿ ಒಬ್ಬ. ಶಾಂತಿಯುತವಾಗಿ, ನಿರಾಯುಧರಾಗಿ ಸಭೆ ಸೇರುವ ಹಕ್ಕು ಸಂವಿಧಾನದ 19ನೆಯ ವಿಧಿಯಲ್ಲಿದೆ ಎಂಬುದು ಅವನಿಗೆ ನಿದ್ದೆಯಲ್ಲೂ ಬಾಯಿಗೆ ಬರುತ್ತದೆ. ಅದು ಒಂದು ಅಂಕದ ಪ್ರಶ್ನೆ. ನರಗುಂದದ ಗೋಲಿಬಾರ್ ಯಾವ ವರ್ಷ? ಅದೂ ಒಂದು ಅಂಕ. ತಾನು ಕೂತ ಓದುವ ಕೋಣೆಯ ಬಾಡಿಗೆ ಎರಡು ವರ್ಷದಲ್ಲಿ ಏಕೆ ಏರಿತು ಎಂದು ನಾನು ಕೇಳಿದರೆ, "ಅದು ಸಿಲಬಸ್‌ನಾಗ ಇಲ್ಲ ಕಾಕಾ" ಎಂದ. ನಕ್ಕೆ, ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ನಾಳೆ ಈ ಹುಡುಗನೇ ತಹಶೀಲ್ದಾರನಾಗಿ ಎರಡೂ ಕೈಯಿಂದ ಮನವಿ ತೆಗೆದುಕೊಂಡು ಫೋಟೋಕ್ಕೆ ನಿಲ್ಲುವವನು.

ಆದ್ದರಿಂದ ನಿಮ್ಮನ್ನು ಮೆಟ್ಟಿಲಿನಿಂದ ಇಳಿಯಿರಿ ಎಂದು ಕೇಳುತ್ತೇನೆ. ಶಾಮಿಯಾನಾಕ್ಕೆ ಹೋಗಲೇಬೇಕೆಂದಲ್ಲ, ಮೊದಲು ಟಪಾಲು ಮೇಜಿಗೆ ಹೋಗಿ. ಎರಡು ದಿನದ ಧರಣಿಯ ಕೊನೆಗೆ ಕೊಟ್ಟ ಮನವಿಯ ಆವಕ ಸಂಖ್ಯೆ ಯಾವುದು, ಅದು ಈಗ ಯಾರ ಮೇಜಿನ ಮೇಲಿದೆ, ಅದರ ಮೇಲೆ ಏನು ಟಿಪ್ಪಣಿ ಆಗಿದೆ, ಎಷ್ಟು ವಿದ್ಯಾರ್ಥಿಗಳ ವೇತನ ಎಂದಿನಿಂದ ಬಾಕಿ ಇದೆ, ಈ ನಾಲ್ಕನ್ನು ಒಂದು ಹಾಳೆಯಲ್ಲಿ ಬರೆದು 2005ರ ಮಾಹಿತಿ ಹಕ್ಕು ಕಾಯ್ದೆಯ ಅಡಿಯಲ್ಲಿ ಕೇಳಿ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಶುಲ್ಕ ಹತ್ತು ರೂಪಾಯಿ, ಅದರ ಪೋಸ್ಟಲ್ ಆರ್ಡರನ್ನು ನಿಮ್ಮ ವಿಳಾಸಕ್ಕೆ ಕಳಿಸಿರುವ ಲಕೋಟೆಯಲ್ಲಿ ಇಟ್ಟಿದ್ದೇನೆ. ಉತ್ತರ ಬಂದರೆ ಒಂದು ಪ್ರತಿ ನಮಗೆ ಕಳಿಸಿ. ಬಾರದಿದ್ದರೆ ಮೂವತ್ತೊಂದನೆಯ ದಿನ ಕಚೇರಿಗೆ ಬನ್ನಿ, ಮೇಲ್ಮನವಿಯನ್ನು ಕೂತು ಬರೆಯೋಣ.

— ಸಂಪಾದಕ