ಮೊದಲು ಬೀದಿ ಹುಡುಕಿ, ರೂಮು ಆಮೇಲೆ

ಪ್ರಶ್ನೆ: ನಾನೂ ನನ್ನ ಗಂಡನೂ ಮೂರು ರಾತ್ರಿಗೆ ಯುರೋಪಿನ ಒಂದು ನಗರಕ್ಕೆ ಹೋಗಿಬರಬೇಕು ಅಂತಿದ್ದೇವೆ. ಲಿಸ್ಬನ್, ಪ್ಯಾರಿಸ್, ರೋಮ್ ಮೂರೂ ಮನಸ್ಸಿನಲ್ಲಿವೆ. ಚೆಂದದ, ಸ್ವಲ್ಪ ಹಳೆಯ ಕಳೆ ಇರುವ ಸಣ್ಣ ಹೋಟೆಲ್ ಬೇಕು. ಜಾಸ್ತಿ ಖರ್ಚಾಗಬಾರದು. ಹುಡುಕಿದರೆ ನೂರಾರು ಹೋಟೆಲ್ ಬರುತ್ತವೆ, ಫೋಟೋದಲ್ಲಿ ಎಲ್ಲವೂ ಚೆನ್ನಾಗಿ ಕಾಣುತ್ತವೆ. ಊರ ನಡುವೆ ನೋಡಿದರೆ ದುಬಾರಿ, ಅಗ್ಗದ್ದು ನೋಡಿದರೆ ತುಂಬಾ ದೂರ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಹೋಟೆಲ್ ಹುಡುಕುವುದನ್ನು ಸದ್ಯಕ್ಕೆ ನಿಲ್ಲಿಸಿ. ನಗರದ ಮ್ಯಾಪ್ ಒಂದನ್ನೇ ತೆರೆದಿಟ್ಟುಕೊಳ್ಳಿ. ಮೂರು ದಿನದ ಪ್ರವಾಸದಲ್ಲಿ ರೂಮಿನೊಳಗೆ ನೀವು ಎಚ್ಚರವಾಗಿರುವುದು ಎಷ್ಟು ಹೊತ್ತು ಹೇಳಿ? ಬೆಳಿಗ್ಗೆ ಒಂದು ಗಂಟೆ, ರಾತ್ರಿ ಒಂದು ಗಂಟೆ. ಅದೇ ಹೋಟೆಲಿನ ಬೀದಿಯಲ್ಲಿ ದಿನಕ್ಕೆ ನಾಲ್ಕು ಸಲವಾದರೂ ಓಡಾಡುತ್ತೀರಿ. ಊರಿಗೆ ಮರಳಿದ ಮೇಲೆ ನೆನಪಾಗುವುದೂ ಆ ಬೀದಿಯೇ.

ಬಹಳ ಜನ ನೋಡುವ ಜಾಗಗಳನ್ನು ಮೊದಲು ಗುರುತು ಹಾಕಿಕೊಂಡು, ಅವುಗಳ ನಡುವೆ ಹೋಟೆಲ್ ಹುಡುಕುತ್ತಾರೆ. ನಾನು ಕೇಳಿಕೊಳ್ಳುವ ಪ್ರಶ್ನೆ ಬೇರೆ. ಸಂಜೆ ಏಳರ ಮೇಲೆ ನಾನು ಎಲ್ಲಿರಬೇಕು? ಬೆಳಿಗ್ಗೆ ಕಾಲಿನಲ್ಲಿ ಕಸುವಿರುತ್ತದೆ, ಮೆಟ್ರೊ ಹತ್ತಿ ಎಲ್ಲಿಗೆ ಬೇಕಾದರೂ ಹೋಗಬಹುದು. ಸಂಜೆ ಹೊತ್ತಿಗೆ ಕಾಲು ಸೋತಿರುತ್ತದೆ. ಆಗ ಹೋಟೆಲಿನಿಂದ ಐದು ನಿಮಿಷದಲ್ಲಿ ಒಂದು ಒಳ್ಳೆಯ ಊಟದ ಜಾಗ, ಕೂತುಕೊಳ್ಳಲು ಒಂದು ಚೌಕ, ಓಡಾಡುವ ನಾಲ್ಕು ಜನ ಇದ್ದರೆ ಸಾಕು. ದೊಡ್ಡ ಸ್ಮಾರಕದ ಎದುರಿನ ಬೀದಿಯಲ್ಲಿ ಎಷ್ಟೋ ಸಲ ಇದು ಸಿಗುವುದಿಲ್ಲ. ಪ್ರವಾಸಿ ಬಸ್ಸುಗಳು ಹೊರಟ ಮೇಲೆ ಅಲ್ಲಿ ಉಳಿಯುವುದು ಬಾಗಿಲು ಎಳೆದ ನೆನಪಿನ ಕಾಣಿಕೆ ಅಂಗಡಿಗಳು. ಜನ ಸಂಸಾರ ಮಾಡಿಕೊಂಡಿರುವ ಬಡಾವಣೆಯಲ್ಲಿ ಸಂಜೆಗೆ ಜೀವ ಬರುತ್ತದೆ. ಬಾಡಿಗೆಯೂ ಅಲ್ಲಿ ಸಾಮಾನ್ಯವಾಗಿ ಕಡಿಮೆ.

ಅಂಥ ಬಡಾವಣೆಯನ್ನು ಮನೆಯಲ್ಲೇ ಕೂತು ಕಂಡುಹಿಡಿಯಬಹುದು. ನೀವು ನೋಡಬೇಕಿರುವ ಜಾಗಗಳಿಗೆ ಹೋಗುವ ಮೆಟ್ರೊ ಅಥವಾ ಟ್ರಾಮ್ ಲೈನ್ ಹಿಡಿದು, ನಡುಭಾಗದಿಂದ ಮೂರು ನಾಲ್ಕು ಸ್ಟೇಷನ್ ಆಚೆ ಬನ್ನಿ. ಮ್ಯಾಪನ್ನು ದೊಡ್ಡದು ಮಾಡಿ ನೋಡಿ. ಶಾಲೆ, ಔಷಧಿ ಅಂಗಡಿ, ಬೇಕರಿ, ತರಕಾರಿ ಮಾರುಕಟ್ಟೆ, ಒಂದು ಪಾರ್ಕು ಒತ್ತೊತ್ತಾಗಿ ಕಂಡರೆ ಅಲ್ಲಿ ಜನ ವಾಸವಾಗಿದ್ದಾರೆ. ಬರೀ ಹೋಟೆಲ್ ಗುರುತುಗಳೇ ಸಾಲಾಗಿ ಕಂಡರೆ ಮುಂದಕ್ಕೆ ಹೋಗಿ.

ನಿಮ್ಮ ಮೂರು ನಗರಗಳಿಗೆ ಬರೋಣ. ಪ್ಯಾರಿಸ್ ಇದಕ್ಕೆ ತುಂಬಾ ಸುಲಭ. ಆ ನಗರದ 20 ವಿಭಾಗಗಳು ನಡುವಿನಿಂದ ಶುರುವಾಗಿ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತುತ್ತಾ ಹೊರಗೆ ಹೋಗುತ್ತವೆ. ಪಿನ್‌ಕೋಡಿನ ಕೊನೆಯ ಎರಡು ಅಂಕಿಯೇ ವಿಭಾಗದ ಸಂಖ್ಯೆ. 75011 ಅಂದರೆ ಹನ್ನೊಂದನೆಯದು. ಹೆಸರಿನಲ್ಲಿ ‘ಪ್ಯಾರಿಸ್’ ಇದ್ದು ಪಿನ್‌ಕೋಡ್ 92, 93 ಅಥವಾ 94ರಿಂದ ಶುರುವಾದರೆ ಆ ಹೋಟೆಲ್ ಇರುವುದು ನಗರದ ಗಡಿಯ ಆಚೆ. ಅಲ್ಲಿ ಇರಬಾರದು ಅಂತಲ್ಲ, ಗೊತ್ತಿದ್ದು ಇರಬೇಕು. ನಾನಾದರೆ ನೋಡುವುದು ಹತ್ತನೆಯ ವಿಭಾಗದ ಸೇಂಟ್ ಮಾರ್ಟಿನ್ ಕಾಲುವೆಯ ಆಸುಪಾಸು, ಇಲ್ಲವೇ ಹನ್ನೊಂದನೆಯ ವಿಭಾಗ. ಎರಡೂ ಕಡೆ ಸಂಜೆಗೆ ಊರಿನವರೇ ತುಂಬಿರುತ್ತಾರೆ.

ರೋಮಿನಲ್ಲಿ ಅಗ್ಗದ ರೂಮು ಹುಡುಕುವವರೆಲ್ಲ ಟರ್ಮಿನಿ ರೈಲು ನಿಲ್ದಾಣದ ಸುತ್ತ ಇಳಿಯುತ್ತಾರೆ. ಅನುಕೂಲವೇನೋ ಹೌದು, ಸಂಜೆ ಮಾತ್ರ ಕಳೆಯಿಲ್ಲ. ಅಲ್ಲಿಂದ ಕೊಲೊಸಿಯಂ ಕಡೆಗೆ ನಡೆದರೆ ಮೊಂಟಿ ಸಿಗುತ್ತದೆ. ಹಳೆಯ ಓಣಿಗಳು, ನಡುವೆ ಒಂದು ಕಾರಂಜಿ, ಅದರ ಮೆಟ್ಟಿಲ ಮೇಲೆ ಕೂತು ಮಾತಾಡುವ ಜನ. ಮೊಂಟಿಯಲ್ಲಿ ಬಾಡಿಗೆ ಜಾಸ್ತಿಯಾದರೆ ತೆಸ್ತಾಚೊ ನೋಡಿ. ಪಿರಮಿಡೆ ಮೆಟ್ರೊ ನಿಲ್ದಾಣದ ಹತ್ತಿರದ ಬಡಾವಣೆ, ಕೊಲೊಸಿಯಂಗೆ ಎರಡೇ ಸ್ಟೇಷನ್. ತ್ರಾಸ್ತೆವೆರೆ ಹೆಸರನ್ನು ಎಲ್ಲರೂ ಹೇಳುತ್ತಾರೆ. ಚೆಂದವಿದೆ ನಿಜ, ಆದರೆ ಅಲ್ಲಿ ಮೆಟ್ರೊ ಇಲ್ಲ, ಟ್ರಾಮ್ ಬಸ್ಸುಗಳೇ ಗತಿ. ವಾರಾಂತ್ಯದ ರಾತ್ರಿ ಗಲಾಟೆಯೂ ಜಾಸ್ತಿ.

ಲಿಸ್ಬನ್ನಿನಲ್ಲಿ ನಾನೇ ಕಲಿತ ಪಾಠ ಒಂದಿದೆ. ಬೈರೊ ಆಲ್ಟೊ ಎಂಬ ಹಳೆಯ ಬಡಾವಣೆಯಲ್ಲಿ ಒಂದು ರೂಮು ಹಿಡಿದಿದ್ದೆ. ನೀಲಿ ಟೈಲ್ಸಿನ ಗೋಡೆ, ಕಬ್ಬಿಣದ ಸಣ್ಣ ಬಾಲ್ಕನಿ, ಕೆಳಗೆ ಕಿರಿದಾದ ಓಣಿ. ಮಧ್ಯಾಹ್ನ ಮೂರಕ್ಕೆ ಹೋದಾಗ ಓಣಿಯಲ್ಲಿ ಒಂದು ಬೆಕ್ಕು ಬಿಟ್ಟರೆ ಯಾರೂ ಇರಲಿಲ್ಲ. ದಿಂಬಿನ ಪಕ್ಕ ಕಿವಿಗೆ ಹಾಕಿಕೊಳ್ಳುವ ಇಯರ್‌ಪ್ಲಗ್ಗಿನ ಪೊಟ್ಟಣ ಇಟ್ಟಿದ್ದರು. ಅದು ಯಾಕೆ ಅಂತ ರಾತ್ರಿ ಹನ್ನೊಂದಕ್ಕೆ ಗೊತ್ತಾಯಿತು. ಆ ಓಣಿಗಳಲ್ಲಿ ಬಾರುಗಳು ಒತ್ತಾಗಿವೆ, ಒಳಗೆ ಜಾಗ ಸಾಲದೆ ಜನ ಗ್ಲಾಸು ಹಿಡಿದು ಬೀದಿಯಲ್ಲೇ ನಿಲ್ಲುತ್ತಾರೆ. ಎರಡು ಗಂಟೆಯವರೆಗೆ ಮಾತು, ಹಾಡು. ಅವರು ಹೋದರು ಅಂದುಕೊಳ್ಳುವಷ್ಟರಲ್ಲಿ ಖಾಲಿ ಬಾಟಲಿ ಎತ್ತುವ ಕಸದ ಲಾರಿ ಬಂತು. ಬೆಳಿಗ್ಗೆ ಆ ಹೋಟೆಲಿನ ರಿವ್ಯೂಗಳನ್ನು ಮತ್ತೆ ಓದಿದೆ. ಎಷ್ಟೋ ಜನ ಇದನ್ನೇ ಬರೆದಿದ್ದರು. ನಾನು ಬುಕ್ ಮಾಡುವ ಮುಂಚೆ ಅಂಕ ಮಾತ್ರ ನೋಡಿದ್ದೆ, ಓದಿರಲಿಲ್ಲ.

ಅಲ್ಲಿಂದೀಚೆಗೆ ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ರಿವ್ಯೂ ಹುಡುಕುವ ಜಾಗದಲ್ಲಿ ‘ಸದ್ದು’, ‘ಕಿಟಕಿ’, ‘ಮೆಟ್ಟಿಲು’, ‘ಎಸಿ’ ಎಂಬ ಪದಗಳನ್ನು ಇಂಗ್ಲಿಷಿನಲ್ಲಿ ಒಂದೊಂದಾಗಿ ಹಾಕಿ ನೋಡುತ್ತೇನೆ. ಹತ್ತಕ್ಕೆ ಹತ್ತು ಕೊಟ್ಟವರನ್ನೂ ಒಂದು ಕೊಟ್ಟವರನ್ನೂ ಬಿಟ್ಟು, ಏಳು ಕೊಟ್ಟವರನ್ನು ಓದುತ್ತೇನೆ. ಏನು ಚೆನ್ನಾಗಿತ್ತು, ಏನು ಕಿರಿಕಿರಿಯಾಯಿತು ಎರಡನ್ನೂ ಹೇಳುವವರು ಅವರೇ. ನೀವು ಹೋಗುವ ತಿಂಗಳಲ್ಲೇ ಉಳಿದುಕೊಂಡವರ ಮಾತಿಗೆ ಇನ್ನೂ ಬೆಲೆ ಜಾಸ್ತಿ. ಯುರೋಪಿನ ಹಳೆಯ ಕಟ್ಟಡಗಳಲ್ಲಿ ಎಷ್ಟೋ ಕಡೆ ಎಸಿ ಇರುವುದಿಲ್ಲ. ಏಪ್ರಿಲ್‌ನಲ್ಲಿ ಯಾರೂ ದೂರುವುದಿಲ್ಲ, ಜುಲೈನಲ್ಲಿ ಎಲ್ಲರೂ ದೂರುತ್ತಾರೆ.

ಲಿಸ್ಬನ್ನಿಗೇ ಹೋಗುವುದಾದರೆ ಕಾಂಪೊ ದಿ ಓರಿಕೆ ನನಗೆ ಇಷ್ಟ. ದಿಣ್ಣೆಗಳ ಆ ಊರಿನಲ್ಲಿ ಅದು ಸಮತಟ್ಟಾದ ಬಡಾವಣೆ. ಒಳಗೇ ಒಂದು ಮಾರುಕಟ್ಟೆ ಇದೆ, ಹೆಸರಾಂತ 28ನೇ ನಂಬರಿನ ಟ್ರಾಮ್ ಅಲ್ಲಿಗೇ ಬಂದು ನಿಲ್ಲುತ್ತದೆ. ಹಗಲು ಆ ಟ್ರಾಮ್ ಕಿಕ್ಕಿರಿದಿರುತ್ತದೆ. ಕೊನೆಯ ನಿಲ್ದಾಣದಲ್ಲಿ ಬೆಳಿಗ್ಗೆ ಬೇಗ ಹತ್ತಿದರೆ ಕೂರಲು ಜಾಗ ಸಿಗುತ್ತದೆ.

ದೂರದ ಮಾತು ಕೇಳಿದಿರಿ. ಬಾಡಿಗೆಯಲ್ಲಿ ಉಳಿಸಿದ್ದನ್ನು ನಿಮಿಷದಲ್ಲಿ ಲೆಕ್ಕ ಹಾಕಿ. ಒಂದು ಕಡೆಗೆ 45 ನಿಮಿಷವಾದರೆ ದಿನಕ್ಕೆ ಒಂದೂವರೆ ಗಂಟೆ. ನಡುವೆ ಒಂದು ಸಲ ರೂಮಿಗೆ ಬಂದು ಹೋದರೆ ಮೂರು ಗಂಟೆ. ಮೂರು ದಿನದಲ್ಲಿ ಸುಮ್ನೆ ಒಂದು ಇಡೀ ದಿನ ಕಳೆದಂತೆ. ಬಾಗಿಲಿನಿಂದ ಬಾಗಿಲಿಗೆ 25 ನಿಮಿಷ ದಾಟಬಾರದು ಎಂಬುದು ನನ್ನ ಗೆರೆ. ಎಲ್ಲ ನಿಮಿಷವೂ ಒಂದೇ ಅಲ್ಲ ಅನ್ನುವುದೂ ನಿಜ. ಆಮ್‌ಸ್ಟರ್‌ಡ್ಯಾಮಿನ ಸೆಂಟ್ರಲ್ ಸ್ಟೇಷನ್ನಿನ ಹಿಂದಿನಿಂದ ನೀರಿನಾಚೆಯ ನೋರ್ಡ್ ಭಾಗಕ್ಕೆ ದೋಣಿ ಹೋಗುತ್ತದೆ. ಟಿಕೆಟ್ ಇಲ್ಲ, ರಾತ್ರಿಯಿಡೀ ಇರುತ್ತದೆ, ದಾಟಲು ಕೆಲವೇ ನಿಮಿಷ. ಮುಖಕ್ಕೆ ಗಾಳಿ ಬಡಿಯುತ್ತಾ ಹೋಗುವ ಆ ನಿಮಿಷಗಳನ್ನು ನಾನು ನಷ್ಟದ ಲೆಕ್ಕಕ್ಕೆ ಹಾಕುವುದಿಲ್ಲ.

ವೆನಿಸ್ ಮಾತ್ರ ಬೇರೆ. ಅಲ್ಲಿ ಅಗ್ಗದ ಹೋಟೆಲ್‌ಗಳು ನೀರಿನಾಚೆಯ ಮೆಸ್ತ್ರೆಯಲ್ಲಿವೆ, ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷ. ಲೆಕ್ಕದಲ್ಲಿ ಸರಿಯಾಗಿಯೇ ಇದೆ. ಆದರೆ ವೆನಿಸ್ಸಿನ ನಿಜವಾದ ಸೊಗಸು ಹಗಲಿನ ಪ್ರವಾಸಿಗರು ಹೊರಟುಹೋದ ಮೇಲೆ. ಕಾಲುವೆ ದಂಡೆಯಲ್ಲಿ ನಿಮ್ಮ ಹೆಜ್ಜೆ ಸಪ್ಪಳ ನಿಮಗೇ ಕೇಳಿಸುವ ಹೊತ್ತದು. ಆ ಹೊತ್ತಿಗೆ ರೈಲು ಹಿಡಿಯಲು ಓಡಬಾರದು ಅಲ್ವಾ? ಅಲ್ಲಿಗೆ ಹೋದರೆ ಎರಡು ರಾತ್ರಿ ಸಾಕು, ಕನ್ನರೆಜೊ ಭಾಗದ ಒಳಗೇ ಇರಿ.

ಯಾವ ದಿನ ಹೋಗುತ್ತೀರಿ ಎಂಬುದೂ ಬಾಡಿಗೆಯನ್ನು ಇಳಿಸಬಹುದು. ಬ್ರಸೆಲ್ಸ್‌ನಂಥ ಕಚೇರಿಗಳ ನಗರದಲ್ಲಿ ವಾರದ ದಿನ ದುಬಾರಿ, ಶನಿವಾರ ಭಾನುವಾರ ಅಗ್ಗ. ರೋಮ್, ಪ್ಯಾರಿಸ್ಸಿನಲ್ಲಿ ಹಾಗಿಲ್ಲ. ಫ್ರಾಂಕ್‌ಫರ್ಟಿನಲ್ಲಿ ಅಕ್ಟೋಬರಿನ ಪುಸ್ತಕ ಮೇಳ, ಮಿಲಾನಿನಲ್ಲಿ ಏಪ್ರಿಲ್‌ನ ಪೀಠೋಪಕರಣ ಮೇಳದ ವಾರ ಸಾಧಾರಣ ರೂಮಿಗೂ ವಿಪರೀತ ಬೆಲೆ. ಬೆಲೆ ಕಾರಣವಿಲ್ಲದೆ ಏರಿದಂತೆ ಕಂಡರೆ ಆ ವಾರ ಊರಿನಲ್ಲಿ ಏನಿದೆ ಅಂತ ಮೊದಲು ನೋಡಿ. ಒಂದು ವಾರ ಆಚೀಚೆ ಮಾಡಿದರೆ ಕೆಲಸ ಆಗಿಬಿಡುತ್ತದೆ.

ನಿಮಗೆ ಬೇಕಾದ ಸಣ್ಣ ಹೋಟೆಲ್‌ಗಳು ಎಷ್ಟೋ ಕಡೆ ಬೇರೆ ಹೆಸರಿನಲ್ಲಿರುತ್ತವೆ. ಸ್ಪೇನಿನಲ್ಲಿ ‘ಓಸ್ತಾಲ್’ ಅಂತ ಬೋರ್ಡು ಕಂಡರೆ ಅದು ಹತ್ತು ಜನ ಒಂದೇ ಕೋಣೆಯಲ್ಲಿ ಮಲಗುವ ಹಾಸ್ಟೆಲ್ ಅಲ್ಲ. ಹಳೆಯ ಕಟ್ಟಡದ ಒಂದೆರಡು ಮಹಡಿಯಲ್ಲಿ, ಬಹಳ ಸಲ ಒಂದೇ ಮನೆಯವರು ನಡೆಸುವ ಪುಟ್ಟ ಹೋಟೆಲ್. ರೂಮು ನಿಮ್ಮದೇ. ಇಟಲಿಯಲ್ಲಿ ‘ಪೆನ್ಸಿಯೋನೆ’ ಅನ್ನುವುದೂ ಇದೇ ಬಗೆ. ಜರ್ಮನಿ, ಆಸ್ಟ್ರಿಯಾದಲ್ಲಿ ಹೆಸರಿನ ಜೊತೆ ‘ಗಾರ್ನಿ’ ಅಂತಿದ್ದರೆ ಬೆಳಗಿನ ತಿಂಡಿ ಮಾತ್ರ ಸಿಗುತ್ತದೆ, ಊಟದ ವ್ಯವಸ್ಥೆ ಇರುವುದಿಲ್ಲ. ಆ ಖರ್ಚಿಲ್ಲದ್ದರಿಂದ ಬಾಡಿಗೆಯೂ ಹದವಾಗಿರುತ್ತದೆ.

ಪ್ರಶ್ನೆ: ಮೂರು ಸ್ಟಾರ್ ಹೋಟೆಲ್‌ಗಿಂತ ನಾಲ್ಕು ಸ್ಟಾರ್ ಹೋಟೆಲ್ ಚೆನ್ನಾಗಿಯೇ ಇರುತ್ತದಲ್ಲವೇ?

ಉತ್ತರ: ಹಾಗೇನಿಲ್ಲ. ಇಡೀ ಜಗತ್ತಿಗೆ ಒಂದೇ ಸ್ಟಾರ್ ಪದ್ಧತಿ ಇಲ್ಲ, ದೇಶಕ್ಕೊಂದು ನಿಯಮ. ಯುರೋಪಿನ ಕೆಲವು ದೇಶಗಳು 2009ರಿಂದ ‘ಹೋಟೆಲ್‌ಸ್ಟಾರ್ಸ್ ಯೂನಿಯನ್’ ಎಂಬ ಒಂದೇ ಪಟ್ಟಿಯನ್ನು ಅನುಸರಿಸುತ್ತಿವೆ. ಫ್ರಾನ್ಸಿನದು ಬೇರೆ, ಅಲ್ಲಿ ಐದು ವರ್ಷಕ್ಕೊಮ್ಮೆ ಮತ್ತೆ ಪರಿಶೀಲನೆ ಆಗಬೇಕು. ಎಲ್ಲಿಯಾದರೂ ಸ್ಟಾರ್ ಅಳೆಯುವುದು ಸೌಲಭ್ಯವನ್ನು. ರೂಮಿನ ಅಳತೆ, ರಿಸೆಪ್ಷನ್ ಎಷ್ಟು ಹೊತ್ತು ತೆರೆದಿರುತ್ತದೆ, ಇಂಥವು. ನೀಲಿ ಟೈಲ್ಸಿನ ಗೋಡೆಗೂ, ನಿಮ್ಮ ಹೆಸರು ನೆನಪಿಟ್ಟುಕೊಂಡು ಮಾತಾಡಿಸುವ ಯಜಮಾನರಿಗೂ ಅಂಕ ಕೊಡುವ ಕಾಲಂ ಇಲ್ಲ. ಒಳ್ಳೆಯ ಬೀದಿಯ ಎರಡು ಸ್ಟಾರ್ ಹೋಟೆಲನ್ನು ನಾನು ಧೈರ್ಯವಾಗಿ ಹಿಡಿಯುತ್ತೇನೆ. ರೂಮಿನ ಚದರ ಮೀಟರ್ ಮಾತ್ರ ನೋಡಿಕೊಳ್ಳಿ. ಇಬ್ಬರಿಗೆ 12 ಇದ್ದರೆ ನಿಭಾಯಿಸಬಹುದು. ಹತ್ತಕ್ಕಿಂತ ಕಡಿಮೆಯಾದರೆ ಎರಡು ಟ್ರಾಲಿಗಳನ್ನು ಒಟ್ಟಿಗೆ ಬಿಚ್ಚಿಡಲೂ ನೆಲ ಸಾಲದು.

ಪ್ರಶ್ನೆ: ಅಮ್ಮನಿಗೆ ಮಂಡಿನೋವು. ಅವರನ್ನು ಬಾರ್ಸಿಲೋನಾಕ್ಕೆ ಕರೆದುಕೊಂಡು ಹೋಗಬೇಕು. ಹಳೆಯ ಕಟ್ಟಡದ ಹೋಟೆಲ್ ಆಸೆ ಬಿಡಬೇಕೇ?

ಉತ್ತರ: ಬಿಡಬೇಡಿ, ಆದರೆ ಫೋನ್ ಮಾಡಿ ಅಥವಾ ಬರೆದು ಕೇಳಿ. ‘ಲಿಫ್ಟ್ ಇದೆಯೇ’ ಅಂತ ಕೇಳಿದರೆ ಸಾಲದು. ‘ಬೀದಿ ಬಾಗಿಲಿನಿಂದ ರೂಮಿನವರೆಗೆ ಒಟ್ಟು ಎಷ್ಟು ಮೆಟ್ಟಿಲು ಹತ್ತಬೇಕು’ ಅಂತ ಕೇಳಿ. ಎಷ್ಟೋ ಕಡೆ ಲಿಫ್ಟ್ ಶುರುವಾಗುವುದೇ ಆರೆಂಟು ಮೆಟ್ಟಿಲು ಹತ್ತಿದ ಮೇಲೆ. ಬಾರ್ಸಿಲೋನಾದ ಹಳೆಯ ಕಟ್ಟಡಗಳಲ್ಲಿ ಇನ್ನೊಂದು ವಿಷಯವಿದೆ. ನೆಲ ಅಂತಸ್ತಿನ ಮೇಲೆ ‘ಎಂತ್ರೆಸುಯೆಲೊ’, ಅದರ ಮೇಲೆ ‘ಪ್ರಿನ್ಸಿಪಾಲ್’ ಅಂತ ಎರಡು ಮಹಡಿ ಇರಬಹುದು. ಆಮೇಲೆ ಒಂದನೇ ಮಹಡಿ. ‘ಒಂದೇ ಮಹಡಿ ತಾನೇ’ ಅಂತ ಹೋದರೆ ಅಮ್ಮ ಮೂರು ಮಹಡಿ ಹತ್ತಬೇಕಾಗುತ್ತದೆ.

ಬಡಾವಣೆ ವಿಚಾರಕ್ಕೆ ಬಂದರೆ ಎಯ್ಶಾಂಪ್ಲ ಒಳ್ಳೆಯದು. 1859ರಲ್ಲಿ ಎಂಜಿನಿಯರ್ ಇಲ್ದೆಫಾನ್ಸ್ ಸೆರ್ದಾ ಮಾಡಿದ ನಕ್ಷೆಯಂತೆ ಚದುರಂಗದ ಮಣೆಯ ಹಾಗೆ ಹಾಸಿದ ಭಾಗ ಅದು. ಬೀದಿಗಳು ಅಗಲ, ಫುಟ್‌ಪಾತ್ ಸಮ, ನಡೆಯಲು ಆರಾಮ. ಕಟ್ಟಡಗಳ ನಡುವೆ ಒಳ ಅಂಗಳ ಇರುತ್ತದೆ. ಬುಕ್ ಮಾಡುವಾಗ ಅಂಗಳದ ಕಡೆಯ ರೂಮು ಕೊಡಿ ಅಂತ ಒಂದು ಸಾಲು ಬರೆಯಿರಿ. ಬೀದಿಯ ಗದ್ದಲ ಅಲ್ಲಿಗೆ ಅಷ್ಟಾಗಿ ಬರುವುದಿಲ್ಲ, ಅಮ್ಮ ಚೆನ್ನಾಗಿ ನಿದ್ದೆ ಮಾಡುತ್ತಾರೆ.

ಪ್ರಶ್ನೆ: ವೆಬ್‌ಸೈಟಿನಲ್ಲಿ ಕಂಡ ಬೆಲೆಯೇ ಕೊನೆಯ ಬೆಲೆಯೇ?

ಉತ್ತರ: ಬಹಳಷ್ಟು ನಗರಗಳಲ್ಲಿ ಅಲ್ಲ. ಪ್ರವಾಸಿ ತೆರಿಗೆ ಅಂತ ಒಂದಿದೆ, ಎಷ್ಟೋ ಸಲ ಅದನ್ನು ಹೋಟೆಲ್ ಕೌಂಟರಿನಲ್ಲೇ ಕಟ್ಟಬೇಕು. ರೋಮಿನಲ್ಲಿ ತಲೆಗೆ, ರಾತ್ರಿಗೆ ಇಷ್ಟು ಅಂತ, ಹೋಟೆಲಿನ ದರ್ಜೆ ಏರಿದಂತೆ ತೆರಿಗೆಯೂ ಏರುತ್ತದೆ. ಆಮ್‌ಸ್ಟರ್‌ಡ್ಯಾಮಿನಲ್ಲಿ 2024ರಿಂದ ರೂಮಿನ ಬಾಡಿಗೆಯ ಶೇ 12.5. ಎರಡು ಹೋಟೆಲ್ ಹೋಲಿಸುವಾಗ ಇದನ್ನೂ ತಿಂಡಿಯ ಬೆಲೆಯನ್ನೂ ಸೇರಿಸಿ ನೋಡಿ. ಬೆಲೆ ಗೊತ್ತಾದ ಮೇಲೆ ಹೋಟೆಲಿಗೇ ನೇರವಾಗಿ ಒಂದು ಮೇಲ್ ಹಾಕಿ. ವೆಬ್‌ಸೈಟಿಗೆ ಕೊಡುವ ಕಮಿಷನ್ ಅವರಿಗೆ ಉಳಿಯುತ್ತದೆ. ಸಣ್ಣ ಹೋಟೆಲಿನವರು ಬೆಲೆ ಇಳಿಸದಿದ್ದರೂ ತಿಂಡಿ ಸೇರಿಸಿ ಕೊಡಬಹುದು, ಇಲ್ಲವೇ ಮೇಲಿನ ಮಹಡಿಯ ಬೆಳಕಿರುವ ರೂಮು ಕೊಡಬಹುದು. ಕೇಳಿ ನೋಡಿ.